ದೋಷ ಎಲ್ಲಿದೆ ಎಂದು ಹೇಳಬಲ್ಲವರು

ಹಳೆಯ ದೂರವಾಣಿ ಡೈರೆಕ್ಟರಿ ತೆರೆದರೆ ಕೂಡ್ಲಿಗಿಯ ಎಸ್‌ಟಿಡಿ ಕೋಡ್ 08391, ಹಗರಿಬೊಮ್ಮನಹಳ್ಳಿಯದು 08397, ಹರಪನಹಳ್ಳಿಯದು 08398, ಹಡಗಲಿಯದು 08399. ಕೊಟ್ಟೂರಿಗೆ ಪ್ರತ್ಯೇಕ ಕೋಡ್ ಇಲ್ಲ. ಕೂಡ್ಲಿಗಿ ತಾಲ್ಲೂಕಿನೊಳಗಿದ್ದ ಕಾಲದಲ್ಲಿ ಸಿಕ್ಕ 08391 ಅನ್ನೇ ಅದು ತಾಲ್ಲೂಕು ಕೇಂದ್ರವಾದ ಮೇಲೂ ಇಟ್ಟುಕೊಂಡಿದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಇಷ್ಟೆಲ್ಲ ಆದರೂ ಅದರ ಕೋಡ್ ದಾವಣಗೆರೆಯ 08192ರ ಕಡೆಗೆ ಕದಲಲಿಲ್ಲ. ಜಿಲ್ಲಾ ಕಚೇರಿ ಎಲ್ಲಿದೆ ಎಂಬುದಕ್ಕಿಂತ ತಂತಿ ಯಾವ ಎಕ್ಸ್‌ಚೇಂಜಿಗೆ ಹೋಗಿ ಮುಟ್ಟುತ್ತದೆ ಎಂಬುದೇ ದೂರವಾಣಿಗೆ ಮುಖ್ಯ. ಈ ಐದು ಊರುಗಳ ದೂರವಾಣಿಯ ಇತಿಹಾಸವನ್ನು ತಂತಿಯ ದಾರಿ ಹಿಡಿದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಾತು ಸರಿಯಾಗಿ ಕೇಳಿಸಿದ್ದು ಯಂತ್ರ ಹೊಸದು ಎಂಬ ಕಾರಣಕ್ಕಲ್ಲ. ಲೈನು ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲವರು ಹತ್ತಿರದಲ್ಲಿದ್ದರು ಎಂಬ ಕಾರಣಕ್ಕೆ. ಇವತ್ತು ಮನೆಯಲ್ಲೇ ಸ್ವಂತ ಧ್ವನಿ ಸರ್ವರ್ ಇಟ್ಟುಕೊಂಡು ಗೆಳೆಯರೊಂದಿಗೆ ಮಾತಾಡಲು ಹೊರಟವರ ಮುಂದಿರುವ ಸಮಸ್ಯೆಯೂ ಇದೇ ಜಾತಿಯದು.

1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಬಂತು. ಆಡಳಿತ ಯಾರದಾದರೇನು, ದೂರದ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಲೇಬೇಕಿತ್ತು. ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅವಸರ ಹೆಚ್ಚಿದಷ್ಟೂ ದರ ಹೆಚ್ಚು. ಕಾಯುವ ಸಂಕಟ ದೊಡ್ಡದು, ನಿಜ. ಆದರೆ ಆ ವ್ಯವಸ್ಥೆಯಲ್ಲಿ ಈಗ ನಾವು ಮರೆತಿರುವ ಒಂದು ಗುಣವಿತ್ತು. ಕರೆ ಒಂದೊಂದು ಎಕ್ಸ್‌ಚೇಂಜ್ ದಾಟುವಾಗಲೂ ಅಲ್ಲೊಬ್ಬ ಆಪರೇಟರ್ ಇರುತ್ತಿದ್ದರು. ಊರಿನ ಆಪರೇಟರ್ ಮುಂದಿನ ಆಪರೇಟರನ್ನು ಕರೆದು, ಅವರಿಂದ ಉತ್ತರ ಬಂದರೆ ಅಲ್ಲಿಯವರೆಗೆ ಲೈನ್ ಸರಿಯಿದೆ ಎಂದು ತಿಳಿಯುತ್ತಿದ್ದರು. ಬರದಿದ್ದರೆ ದೋಷ ತಮ್ಮಿಬ್ಬರ ನಡುವೆಯೇ ಇದೆ ಎಂಬುದು ಸ್ಪಷ್ಟ. ಗ್ರಾಹಕರಿಗೂ ಕಾರಣ ಗೊತ್ತಾಗುತ್ತಿತ್ತು. 1960ರ ನವೆಂಬರ್ 25ರಂದು ಲಖನೌ–ಕಾನ್ಪುರ ನಡುವೆ ಶುರುವಾದ ಎಸ್‌ಟಿಡಿ ನಿಧಾನವಾಗಿ ದೇಶವೆಲ್ಲ ಹಬ್ಬಿದಾಗ ವೇಗ ಸಿಕ್ಕಿತು, ಕಾರಣ ಕಳೆದುಹೋಯಿತು. ಕಿವಿಗೆ ಬೀಳುತ್ತಿದ್ದದ್ದು ಬರೀ ಎಂಗೇಜ್ ಟೋನ್. ಅದು ಎದುರಿನ ಮನೆಯದೋ, ನಡುವಿನ ಜಂಕ್ಷನ್ ಲೈನಿನದೋ ಎಂದು ಡಯಲ್ ಮಾಡಿದವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಈ ಕೊರತೆಗೆ ಒಳ್ಳೆಯ ಉತ್ತರ ಬಂದದ್ದು ಕರ್ನಾಟಕದ ನೆಲದಲ್ಲೇ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಗೆ ಸರ್ಕಾರ ಕೊಟ್ಟದ್ದು 36 ತಿಂಗಳು ಮತ್ತು 36 ಕೋಟಿ ರೂಪಾಯಿ. ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ ಅದು ರೂಪಿಸಿದ 128 ಪೋರ್ಟಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲ ಬಾರಿಗೆ ಕೆಲಸ ಆರಂಭಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ವಿದೇಶಿ ಯಂತ್ರಗಳಿಗೆ ಬೇಕಿದ್ದ ಹವಾನಿಯಂತ್ರಿತ ಕೋಣೆ ಇದಕ್ಕೆ ಬೇಕಿರಲಿಲ್ಲ. ಧೂಳು, ಬಿಸಿಲು ತಡೆದುಕೊಳ್ಳುವಂತೆಯೇ ಇದನ್ನು ಕಟ್ಟಿದ್ದರು. ಕೂಡ್ಲಿಗಿಯ ಬೇಸಿಗೆ ಬಲ್ಲವರಿಗೆ ಈ ಮಾತಿನ ತೂಕ ಹೇಳಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಜಾಣತನ ದುರಸ್ತಿಯ ಕ್ರಮದಲ್ಲಿತ್ತು. ಯಂತ್ರವೆಂದರೆ ಸಾಲಾಗಿ ಜೋಡಿಸಿದ ಕಾರ್ಡುಗಳು. ಕೆಟ್ಟ ಕಾರ್ಡು ಯಾವುದೆಂದು ಗುರುತಿಸಿ, ಎಳೆದು ತೆಗೆದು, ಬೇರೆಯದನ್ನು ಕೂರಿಸಿದರೆ ಎಕ್ಸ್‌ಚೇಂಜ್ ಮತ್ತೆ ಜೀವ ಪಡೆಯುತ್ತಿತ್ತು. ಕೆಟ್ಟ ಕಾರ್ಡು ರಿಪೇರಿಗೆ ದೊಡ್ಡ ಊರಿಗೆ ಹೋಗಲಿ; ಕೆಟ್ಟದ್ದು ಯಾವುದು ಎಂಬ ತೀರ್ಮಾನ ಮಾತ್ರ ಊರಿನಲ್ಲೇ ಆಗುತ್ತಿತ್ತು. ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಏಕೆಂದರೆ ಯಂತ್ರ ಊರಿನಲ್ಲಿದ್ದ ಮಾತ್ರಕ್ಕೆ ಸಾಲದು ಎಂಬುದಕ್ಕೆ ಸಾಕ್ಷಿಯೂ ಅದೇ ಕಾಲದಲ್ಲಿದೆ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ 1997ರೊಳಗೆ ಎಲ್ಲ ಹಳ್ಳಿಗಳಿಗೂ ದೂರವಾಣಿ ಮುಟ್ಟಿಸುವ ಗುರಿ ಇಟ್ಟಿತು. ತಂತಿ ಎಳೆಯಲು ದುಬಾರಿಯಾದ ಹಳ್ಳಿಗಳಿಗೆ ಎಂಎಆರ್‌ಆರ್ ಎಂಬ ರೇಡಿಯೋ ವ್ಯವಸ್ಥೆ ಬಂತು. ಎಕ್ಸ್‌ಚೇಂಜಿನಲ್ಲೊಂದು ಮೂಲ ಕೇಂದ್ರ. ಹಳ್ಳಿಯಲ್ಲಿ ಒಂದು ಆಂಟೆನಾ, ಸೌರ ಫಲಕ, ಬ್ಯಾಟರಿ, ಫೋನು. ಇದರಲ್ಲೊಂದು ಮಾದರಿಯಲ್ಲಿ 15 ಹಳ್ಳಿಗಳಿಗೆ ಇದ್ದದ್ದು ಎರಡೇ ಚಾನೆಲ್. ಇಬ್ಬರು ಮಾತಾಡುತ್ತಿದ್ದರೆ ಮಿಕ್ಕ ಹದಿಮೂರು ಹಳ್ಳಿಗಳ ಫೋನು ಇದ್ದೂ ಇಲ್ಲದಂತೆ. ಗುಡೇಕೋಟೆ, ಜರಿಮಲೆ ಕಡೆಯಂಥ ಬಂಡೆಗುಡ್ಡಗಳ ಪ್ರದೇಶದಲ್ಲಿ ನೇರ ದೃಷ್ಟಿ ಬೇಡುವ ರೇಡಿಯೋ ಅಲೆಗೆ ಅಡ್ಡಿಯೂ ಹೆಚ್ಚು. ಫೋನು ಸತ್ತರೆ ಬ್ಯಾಟರಿಯೋ, ಫಲಕದ ಧೂಳೋ, ಆಂಟೆನಾ ತಿರುಗಿದ್ದೋ, ಮೂಲ ಕೇಂದ್ರದ ದೋಷವೋ ಎಂದು ಹಳ್ಳಿಯಲ್ಲಿ ಹೇಳಬಲ್ಲವರಿರಲಿಲ್ಲ. ಪೆಟ್ಟಿಗೆ ಊರಿನದು, ಅದರ ಅರಿವು ಪರಊರಿನದು. ದೇಶದಾದ್ಯಂತ ಈ ಫೋನುಗಳು ಕೆಟ್ಟುನಿಂತವು; 2002ರಲ್ಲಿ ಶುರುವಾದ ಸಾರ್ವತ್ರಿಕ ಸೇವಾ ನಿಧಿಯಿಂದ ಇವನ್ನು ಬದಲಿಸಬೇಕಾಯಿತು.

ಇದಕ್ಕೆ ಎದುರಾಗಿ ಲೈನ್‌ಮನ್ನರ ಕೆಲಸವನ್ನು ನೋಡಿ. ಮನೆಯ ಫೋನು ಡೆಡ್ ಎಂದು 198ಕ್ಕೆ ದೂರು ಹೋದರೆ ಅವರು ನೇರ ಫೋನು ಬಿಚ್ಚುತ್ತಿರಲಿಲ್ಲ. ಎಕ್ಸ್‌ಚೇಂಜಿನ ಎಂಡಿಎಫ್ ಚೌಕಟ್ಟಿನಲ್ಲಿ ಆ ಜೋಡಿ ತಂತಿಗೆ ಟೋನ್ ಇದೆಯೇ? ಇದ್ದರೆ ಯಂತ್ರ ನಿರ್ದೋಷಿ. ರಸ್ತೆಬದಿಯ ಪಿಲ್ಲರಿನಲ್ಲಿದೆಯೇ? ಕಂಬದ ಮೇಲಿನ ಡಿಪಿ ಪೆಟ್ಟಿಗೆಯಲ್ಲಿದೆಯೇ? ಪಿಲ್ಲರಿನಲ್ಲಿದ್ದು ಡಿಪಿಯಲ್ಲಿ ಇಲ್ಲವೆಂದರೆ ನಡುವಿನ ಕೇಬಲ್ಲಿನ ಜಾಯಿಂಟಿಗೆ ನೀರು ಇಳಿದಿರಬೇಕು. ದಾರಿಯನ್ನು ತುಂಡುತುಂಡಾಗಿ ಪರೀಕ್ಷಿಸಿ, ಸರಿಯಿರುವ ತುಂಡನ್ನು ಕೈಬಿಡುತ್ತ, ದೋಷವನ್ನು ಮೂಲೆಗೆ ಒತ್ತುವ ಕ್ರಮ ಅದು. ಇದನ್ನು ಕೈಕೆಲಸವೆಂದು ಕಡೆಗಣಿಸಿದ್ದು ತಪ್ಪು. ಇದು ಶುದ್ಧ ತರ್ಕ.

ಸ್ವಂತ ಧ್ವನಿ ಸರ್ವರಿನ ವಿಷಯಕ್ಕೆ ಬಂದರೆ, 2005ರಲ್ಲಿ ಹುಟ್ಟಿದ ಮಂಬಲ್ ಎಂಬ ಮುಕ್ತ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಹಳೆಯ ಕಂಪ್ಯೂಟರೊಂದರಲ್ಲೂ ಅದರ ಸರ್ವರ್ ಓಡುತ್ತದೆ. ಕೊಟ್ಟೂರಿನ ಮನೆಯೊಂದರಲ್ಲಿ ಇದನ್ನು ನಡೆಸಿ, ಬೆಂಗಳೂರಿನಿಂದ ಸಂಪರ್ಕ ಸಿಗದಿದ್ದರೆ ಲೈನ್‌ಮನ್ನರ ಕ್ರಮವೇ ಸಾಕು. ಮೊದಲು ಅದೇ ಮನೆಯ ವೈಫೈಯಲ್ಲಿರುವ ಮತ್ತೊಂದು ಫೋನಿನಿಂದ, 192.168ರಿಂದ ಶುರುವಾಗುವ ಒಳವಿಳಾಸಕ್ಕೆ ಸೇರಿ ನೋಡುವುದು. ಸೇರಿದರೆ ಸರ್ವರ್ ನಿರ್ದೋಷಿ. ಸೇರದಿದ್ದರೆ ಆ ಕಂಪ್ಯೂಟರಿನ ಫೈರ್‌ವಾಲ್ ನೋಡಬೇಕು. ಮುಂದೆ ರೂಟರ್: 64738ನೇ ಪೋರ್ಟಿಗೆ ಬಂದದ್ದನ್ನು ಅದು ಸರ್ವರಿಗೆ ದಾಟಿಸುತ್ತಿದೆಯೇ, ಟಿಸಿಪಿ ಮತ್ತು ಯುಡಿಪಿ ಎರಡನ್ನೂ? ಟಿಸಿಪಿ ಮಾತ್ರ ದಾಟಿದರೆ ಸಂಪರ್ಕವೇನೋ ಆಗುತ್ತದೆ, ಧ್ವನಿ ತಡವರಿಸುವ ಸಂಭವ ಹೆಚ್ಚು. ಟಿಸಿಪಿ ಕಳೆದುಹೋದ ತುಣುಕನ್ನು ಮತ್ತೆ ತರಿಸಿಕೊಳ್ಳುವವರೆಗೆ ಅದರ ಹಿಂದೆ ಬಂದದ್ದನ್ನೆಲ್ಲ ತಡೆದು ನಿಲ್ಲಿಸುತ್ತದೆ. ಯುಡಿಪಿ ಕಳೆದದ್ದನ್ನು ಬಿಟ್ಟು ಮುಂದೆ ಸಾಗುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವುದು ಒಮ್ಮೆ ಮಾತ್ರ. ಆ ಕ್ಷಣ ತಪ್ಪಿದ ಶಬ್ದಕ್ಕಾಗಿ ಯಾರೂ ಅವನನ್ನು ತಡೆದು ನಿಲ್ಲಿಸಲಾಗದು. ಆಡುವ ಮಾತಿಗೆ ಯುಡಿಪಿ ಒಗ್ಗುವುದೂ ಅದಕ್ಕೇ.

ಇಷ್ಟೂ ಸರಿಯಿದ್ದು ಹೊರಗಿನವರಿಗೆ ಸೇರಲಾಗದಿದ್ದರೆ ದೋಷ ಮನೆಯ ಹೊರಗಿದೆ. ರೂಟರಿನ ಹೊರವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ, ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಸುಮಾರು 430 ಕೋಟಿ ಹಳೆಯ ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರಲ್ಲಿ ಮುಗಿದ ಮೇಲೆ ಬಂದ ಏರ್ಪಾಡು ಇದು. ಒಳಗಿನಿಂದ ಹೊರಡುವ ಕರೆಗೆ ದಾರಿ ಉಂಟು, ಹೊರಗಿನಿಂದ ಬರುವ ಕರೆಗೆ ಮನೆ ಸಿಗದು. ಎಂಎಆರ್‌ಆರ್ ಕಾಲದ 15 ಹಳ್ಳಿಗಳ ಎರಡು ಚಾನೆಲ್ಲಿನಂತೆ, ಇಲ್ಲೂ ಹಂಚಿದ್ದು ಕೊರತೆಯನ್ನೇ; ಈ ಸಲ ಪೆಟ್ಟು ಬಿದ್ದದ್ದು ಒಳಬರುವ ಕರೆಗೆ. ಕಂಪನಿಯಿಂದ ಸ್ಥಿರ ವಿಳಾಸ ಕೇಳುವುದು, ಐಪಿವಿ6 ಬಳಸುವುದು, ಇಲ್ಲವೇ ಹೊರಗೊಂದು ಬಾಡಿಗೆ ಸರ್ವರಿನ ಮೂಲಕ ಸುರಂಗ ಮಾಡುವುದು ಇದಕ್ಕಿರುವ ದಾರಿಗಳು.

ವಾಟ್ಸ್‌ಆ್ಯಪ್ ಕರೆ ಪುಕ್ಕಟೆಯಾಗಿ ಸಿಗುವಾಗ ಈ ಪಾಡೇಕೆ ಎಂದು ಕೇಳುವವರಿದ್ದಾರೆ. ದಿನದ ಮಾತಿಗೆ ಅದು ಸಾಕು, ಅದರಿಂದ ಉಪಕಾರವಾಗಿದೆ. ಆದರೆ ಅದು ಕೈಕೊಟ್ಟಾಗ ಕಾಯುವುದೊಂದೇ ಉಪಾಯ. ಯಾವ ತುಂಡು ಕಡಿದಿದೆ ಎಂದು ಪರೀಕ್ಷಿಸುವ ಹಕ್ಕಾಗಲಿ ಸಾಧನವಾಗಲಿ ಬಳಸುವವರ ಕೈಯಲ್ಲಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ತಂತಿಯ ದೂರವಾಣಿಯಲ್ಲಿ ಇಬ್ಬರ ನಡುವೆ ಒಂದು ದಾರಿ ಮೀಸಲಾಗಿರುತ್ತಿತ್ತು, ಇಂಟರ್ನೆಟ್ಟಿನಲ್ಲಿ ಹಾಗಿಲ್ಲ, ಹೋಲಿಕೆ ನಿಲ್ಲದು ಎಂಬುದು. ಕಂಪನಿಯ ಗಡಿ ದಾಟಿದ ಮೇಲೆ ಈ ಮಾತು ಸರಿ. ಅಲ್ಲಿ ಲೈನ್‌ಮನ್ನರ ಕ್ರಮ ಹೆಚ್ಚು ದೂರ ಹೋಗದು. ಆದರೆ ಸರ್ವರ್, ಫೈರ್‌ವಾಲ್, ರೂಟರ್, ವಿಳಾಸ ಇವೆಲ್ಲ ಆ ಗಡಿಯ ಈಚೆಗಿವೆ. ಸಾಮಾನ್ಯ ದೋಷಗಳಲ್ಲಿ ಬಹುಪಾಲು ಸಿಗುವುದೂ ಇಲ್ಲೇ.

2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ಪಡೆದು ಒಂದೇ ದಿನ ಹೊರನಡೆದರು. ಸಂಸ್ಥೆಯ ಲೆಕ್ಕಪತ್ರಕ್ಕೆ ಅದು ಅನಿವಾರ್ಯವಾಗಿತ್ತೇನೋ. ಊರೂರಿನ ಲೈನುಗಳ ಅರಿವಿಗೆ ಅದು ದೊಡ್ಡ ನಷ್ಟ. ಯಾವ ಕೇಬಲ್ ಯಾವ ಹಳ್ಳದ ಅಡಿಯಲ್ಲಿ ಹಾಯುತ್ತದೆ, ಯಾವ ಜಾಯಿಂಟು ಮಳೆಗೆ ಮೊದಲು ಸೋಲುತ್ತದೆ ಎಂಬುದು ನಕ್ಷೆಗಿಂತ ಹೆಚ್ಚಾಗಿ ಅಂಥವರ ನೆನಪಿನಲ್ಲಿತ್ತು. ಈ ಐದು ತಾಲ್ಲೂಕುಗಳ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳು, ಕಂಪ್ಯೂಟರ್ ಕಲಿಯುವ ಮಕ್ಕಳು ಜೊತೆಯಾಗಿ ಹೋಗಿ ನಿವೃತ್ತ ಆಪರೇಟರುಗಳನ್ನೂ ಲೈನ್‌ಮನ್ನರನ್ನೂ ಮಾತಾಡಿಸಿ ಬರೆದಿಟ್ಟುಕೊಳ್ಳಬೇಕು. ಎಕ್ಸ್‌ಚೇಂಜುಗಳಲ್ಲಿ ದೂರಿನ ರಿಜಿಸ್ಟರುಗಳು ಉಳಿದಿದ್ದರೆ ಅವನ್ನು ರದ್ದಿಗೆ ಹಾಕದೆ ತಾಲ್ಲೂಕು ಗ್ರಂಥಾಲಯಕ್ಕೆ ಕೊಡಬೇಕು. ಆ ಕೆಲಸ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಈಗಲೇ ಹೋಗಿ ಕೇಳಿ.