ವಿದೇಶಿ ಭಾಷಾ ಕಲಿಕೆಯ ಅಭ್ಯಾಸ

ವಿದೇಶಿ ಭಾಷಾ ಕಲಿಕೆಯ ಅಭ್ಯಾಸ ಎಂದರೆ ಸುತ್ತಲಿನ ಸಮಾಜದಲ್ಲಿ ಬಳಕೆಯಲ್ಲಿಲ್ಲದ ಭಾಷೆಯೊಂದನ್ನು ನಿತ್ಯವೂ ಸ್ವಲ್ಪ ಸ್ವಲ್ಪವಾಗಿ, ನಿಶ್ಚಿತ ವೇಳೆ ಹಾಗೂ ಸನ್ನಿವೇಶಕ್ಕೆ ಹೊಂದಿಸಿಕೊಂಡು, ದೀರ್ಘಕಾಲ ಕಲಿಯುವ ಕ್ರಮ. ಕನ್ನಡದಲ್ಲಿ 'ಅಭ್ಯಾಸ' ಎಂಬ ಪದಕ್ಕೆ ಎರಡು ಅರ್ಥಗಳಿವೆ. 'ಅಭ್ಯಾಸ ಮಾಡುವುದು' ಎಂದರೆ ಓದಿ ಕಲಿಯುವುದು. 'ಅಭ್ಯಾಸವಾಗುವುದು' ಎಂದರೆ ಪ್ರತ್ಯೇಕ ಪ್ರಯತ್ನವಿಲ್ಲದೆ ನಡೆಯುವಷ್ಟು ರೂಢಿಯಾಗುವುದು. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವುದೇ ಈ ಕ್ರಮದ ಉದ್ದೇಶ. ಪ್ರಾಯದವರು ವಿದೇಶಿ ಭಾಷೆಯ ಕಲಿಕೆಯನ್ನು ನಡುವೆ ಕೈಬಿಡುವುದಕ್ಕೆ ಬುದ್ಧಿಯ ಕೊರತೆಗಿಂತ ಆರಂಭಶೂರತನವೇ ಹೆಚ್ಚಿನ ಸಲ ಕಾರಣವಾಗುತ್ತದೆ.

== ಹಿನ್ನೆಲೆ ==

ನಿತ್ಯ ಪುನರಾವರ್ತನೆಯಿಂದ ಕಲಿಯುವ ಪದ್ಧತಿ ಭಾರತಕ್ಕೆ ಹೊಸದಲ್ಲ. ವೇದಾಧ್ಯಯನದ ಪದ, ಕ್ರಮ, ಜಟಾ, ಘನ ಪಾಠಗಳು ಒಂದೇ ಮಂತ್ರವನ್ನು ಬೇರೆ ಬೇರೆ ಜೋಡಣೆಗಳಲ್ಲಿ ಮರಳಿ ಹೇಳಿಸುವ ವಿಧಾನಗಳು. ಸಂಸ್ಕೃತ ಕಲಿಯುವ ಮಕ್ಕಳಿಗೆ ಅಮರಕೋಶವನ್ನು ಕಂಠಪಾಠ ಮಾಡಿಸುವ ರೂಢಿಯಿತ್ತು. ಕರ್ನಾಟಕದ ಮನೆಗಳಲ್ಲಿ ಸಂಜೆ ದೀಪ ಹಚ್ಚಿದೊಡನೆ ಮಕ್ಕಳು ಕುಳಿತು ಮಗ್ಗಿ, ವಾರ, ಮಾಸ, ಸಂವತ್ಸರಗಳ ಹೆಸರುಗಳನ್ನು ಹೇಳುವ ಪದ್ಧತಿ ಇತ್ತೀಚಿನವರೆಗೂ ಇತ್ತು. ಅಲ್ಲಿ 'ಈಗ ಓದು' ಎಂದು ಯಾರೂ ಹೇಳಬೇಕಾಗಿರಲಿಲ್ಲ. ದೀಪ ಹಚ್ಚುವುದೇ ಸೂಚನೆಯಾಗಿತ್ತು.

ಆಧುನಿಕ ಮನೋವಿಜ್ಞಾನದಲ್ಲಿ ನೆನಪು ಮತ್ತು ಮರೆವಿನ ಪ್ರಾಯೋಗಿಕ ಅಧ್ಯಯನವನ್ನು ಆರಂಭಿಸಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಕಾಲದ ನಂತರ ಎಷ್ಟು ಮರೆತುಹೋಗುತ್ತದೆ ಎಂಬುದನ್ನು ಅಳೆದು, ಫಲಿತಾಂಶಗಳನ್ನು 1885ರಲ್ಲಿ ಪ್ರಕಟಿಸಿದರು. ಕಲಿತದ್ದನ್ನು ಮತ್ತೆ ಕಲಿಯುವಾಗ ಉಳಿತಾಯವಾಗುವ ಶ್ರಮವೇ ಅವರ ಅಳತೆಗೋಲು. ಸುಮಾರು ಒಂದು ಗಂಟೆಯ ನಂತರ ಈ ಉಳಿತಾಯ ಶೇ. 44ರಷ್ಟು, ಒಂದು ದಿನದ ನಂತರ ಶೇ. 34ರಷ್ಟು, ಒಂದು ತಿಂಗಳ ನಂತರ ಶೇ. 21ರಷ್ಟು ಇತ್ತು. ಮರೆವು ಮೊದಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆ ಎಂಬುದು ಇದರಿಂದ ತಿಳಿದುಬಂದಿತು. ಮೂರು ದಿನಗಳಿಗೆ ಹಂಚಿದ 38 ಆವೃತ್ತಿಗಳು ಒಂದೇ ದಿನ ಮಾಡಿದ 68 ಆವೃತ್ತಿಗಳಷ್ಟೇ ಫಲ ಕೊಟ್ಟವು ಎಂಬ ಅವರ ಇನ್ನೊಂದು ಗಮನಿಕೆ ಭಾಷಾ ಕಲಿಕೆಗೆ ಬಹು ಮುಖ್ಯವಾದದ್ದು. ಪರೀಕ್ಷೆಯ ಹಿಂದಿನ ರಾತ್ರಿ ಎದ್ದು ಕುಳಿತು ಓದುವುದಕ್ಕಿಂತ ಅದೇ ಶ್ರಮವನ್ನು ಹಲವು ದಿನಗಳಿಗೆ ಹಂಚುವುದು ಲಾಭಕರ ಎಂಬುದಕ್ಕೆ ಇದು ಮೊದಲ ಪ್ರಾಯೋಗಿಕ ಆಧಾರ.

== ರೂಢಿ ರೂಪುಗೊಳ್ಳುವ ಬಗೆ ==

ಒಂದು ಕೆಲಸ ರೂಢಿಯಾಗಬೇಕಾದರೆ ಅದು ಒಂದೇ ಸನ್ನಿವೇಶದಲ್ಲಿ ಮರಳಿ ಮರಳಿ ನಡೆಯಬೇಕು. ಕಾಲಕ್ರಮೇಣ ಆ ಸನ್ನಿವೇಶವೇ ಕೆಲಸವನ್ನು ನೆನಪಿಸುತ್ತದೆ. ಲಂಡನ್ ವಿಶ್ವವಿದ್ಯಾಲಯ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಮಂದಿ ತಮಗೆ ಬೇಕಾದ ಒಂದು ಚಿಕ್ಕ ಕೆಲಸವನ್ನು ದಿನವೂ ಒಂದೇ ಸಂದರ್ಭದಲ್ಲಿ, 12 ವಾರಗಳ ಕಾಲ ಮಾಡಲು ಪ್ರಯತ್ನಿಸಿದರು. ಆಹಾರ, ಪಾನೀಯ ಮತ್ತು ವ್ಯಾಯಾಮಕ್ಕೆ ಸಂಬಂಧಿಸಿದ ಆ ಕೆಲಸಗಳು ರೂಢಿಯ ಮಟ್ಟವನ್ನು ಮುಟ್ಟಲು ಹಿಡಿಯುವ ಕಾಲ ವ್ಯಕ್ತಿಯಿಂದ ವ್ಯಕ್ತಿಗೆ 18 ದಿನಗಳಿಂದ 254 ದಿನಗಳವರೆಗೆ ವ್ಯತ್ಯಾಸಗೊಂಡಿತು. ಮಧ್ಯಾಂಕ 66 ದಿನ. '21 ದಿನಗಳಲ್ಲಿ ಅಭ್ಯಾಸ' ಎಂಬ ಜನಪ್ರಿಯ ಮಾತನ್ನು ಈ ಅಧ್ಯಯನ ಸಮರ್ಥಿಸುವುದಿಲ್ಲ. ನಡುವೆ ಒಂದು ದಿನ ತಪ್ಪಿದರೆ ರೂಢಿಯ ಬೆಳವಣಿಗೆಗೆ ಹೇಳಿಕೊಳ್ಳುವಂಥ ಹಾನಿಯಾಗುವುದಿಲ್ಲ ಎಂಬುದೂ ಕಂಡುಬಂದಿತು.

ಜರ್ಮನ್ ಮನೋವಿಜ್ಞಾನಿ ಪೀಟರ್ ಗೊಲ್‌ವಿಟ್ಸರ್ ಅವರು 'ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುತ್ತೇನೆ' ಎಂಬ ರೂಪದ ಸಂಕಲ್ಪಗಳನ್ನು ಅಧ್ಯಯನ ಮಾಡಿದ್ದಾರೆ. 'ಈ ವರ್ಷ ಜರ್ಮನ್ ಕಲಿಯುತ್ತೇನೆ' ಎಂಬುದು ಕೇವಲ ಗುರಿ. 'ಬೆಳಗಿನ ಕಾಫಿಯ ಲೋಟ ಕೆಳಗಿಟ್ಟೊಡನೆ ಹತ್ತು ಪದಚೀಟಿಗಳನ್ನು ನೋಡುತ್ತೇನೆ' ಎಂಬುದು ಸಂದರ್ಭಕ್ಕೆ ಕಟ್ಟಿದ ಸಂಕಲ್ಪ. ಎರಡನೆಯ ಬಗೆಯದು ಕಾರ್ಯರೂಪಕ್ಕೆ ಬರುವ ಸಂಭವ ಹೆಚ್ಚು. ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ (ಕಾಫಿ, ಬಸ್ ಪ್ರಯಾಣ, ರಾತ್ರಿ ಊಟ) ಹೊಸದನ್ನು ಅಂಟಿಸುವುದರಿಂದ ಬೇರೆ ವೇಳೆ ಹುಡುಕುವ ತೊಂದರೆ ತಪ್ಪುತ್ತದೆ.

== ಕಾಲದ ಲೆಕ್ಕ ==

ಕಲಿಯುವವರು ನಿರಾಶರಾಗುವುದಕ್ಕೆ ಒಂದು ಕಾರಣ ಕಾಲದ ಬಗ್ಗೆ ಇರುವ ತಪ್ಪು ಅಂದಾಜು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ವಿದೇಶಾಂಗ ಸೇವಾ ಸಂಸ್ಥೆಯ ಅನುಭವದ ಪ್ರಕಾರ, ಇಂಗ್ಲಿಷ್ ಮಾತೃಭಾಷೆಯವರು ವೃತ್ತಿಗೆ ಸಾಕಾಗುವ ಮಟ್ಟ ತಲುಪಲು ಫ್ರೆಂಚ್, ಸ್ಪ್ಯಾನಿಷ್ ಮೊದಲಾದ ಭಾಷೆಗಳಿಗೆ ಸುಮಾರು 24ರಿಂದ 30 ವಾರ, ಜರ್ಮನ್‌ಗೆ ಸುಮಾರು 36 ವಾರ, ಅರೇಬಿಕ್, ಚೀನೀ, ಜಪಾನೀ, ಕೊರಿಯನ್ ಭಾಷೆಗಳಿಗೆ ಸುಮಾರು 88 ವಾರ ಬೇಕು. ಇವು ಪೂರ್ಣಾವಧಿ ತರಗತಿಯ ವಾರಗಳು. ವಾರಕ್ಕೆ ಸುಮಾರು 25 ಗಂಟೆಗಳ ತರಗತಿ ಎಂದು ಹಿಡಿದರೆ ಜರ್ಮನ್‌ಗೆ ಸುಮಾರು 900 ಗಂಟೆಗಳಾಗುತ್ತವೆ.

ಉದ್ಯೋಗ, ಸಂಸಾರಗಳ ನಡುವೆ ದಿನಕ್ಕೆ ಅರ್ಧ ಗಂಟೆ ಕೊಡುವವರಿಗೆ ವರ್ಷಕ್ಕೆ ಸುಮಾರು 182 ಗಂಟೆಗಳು ಕೂಡುತ್ತವೆ. ಆ ಲೆಕ್ಕದಲ್ಲಿ 900 ಗಂಟೆಗಳಿಗೆ ಸುಮಾರು ಐದು ವರ್ಷ ಬೇಕು. ದಿನಕ್ಕೆ ಒಂದು ಗಂಟೆ ಕೊಟ್ಟರೆ ಸುಮಾರು ಎರಡೂವರೆ ವರ್ಷ. ಆರಂಭಿಕ ಹಂತಗಳಿಗೆ ಇದರಲ್ಲಿ ಒಂದು ಅಂಶ ಸಾಕು. ಆದರೂ 'ಮೂರು ತಿಂಗಳಲ್ಲಿ ನಿರರ್ಗಳ ಭಾಷೆ' ಎಂಬ ಜಾಹೀರಾತುಗಳನ್ನು ಈ ಲೆಕ್ಕದ ಬೆಳಕಿನಲ್ಲಿ ನೋಡಬೇಕು. ವರ್ಷಗಳ ಕಾಲ ನಡೆಯಬೇಕಾದ ಕೆಲಸಕ್ಕೆ ಮೊದಲ ವಾರದ ಹುರುಪು ಆಧಾರವಾಗಲಾರದು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

== ಅಂತರವಿಟ್ಟು ಪುನರಾವರ್ತನೆ ==

ಕಲಿತ ಪದವನ್ನು ಮರೆಯುವ ಹಂತಕ್ಕೆ ಬರುತ್ತಿರುವಂತೆ ಮತ್ತೆ ನೆನಪಿಸಿಕೊಳ್ಳುವುದು, ಪ್ರತಿ ಸಲವೂ ಅಂತರವನ್ನು ಹೆಚ್ಚಿಸುವುದು ಈ ವಿಧಾನದ ಸಾರ. ಅಮೆರಿಕದ ಪಾಲ್ ಪಿಮ್ಸ್ಲರ್ 1967ರಲ್ಲಿ ಐದು ಸೆಕೆಂಡುಗಳಿಂದ ಆರಂಭಿಸಿ ಎರಡು ವರ್ಷಗಳವರೆಗೆ ಹಿಗ್ಗುವ ಪುನರಾವರ್ತನೆಯ ವೇಳಾಪಟ್ಟಿಯೊಂದನ್ನು ಸೂಚಿಸಿದರು. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಪದಚೀಟಿಗಳ ಪೆಟ್ಟಿಗೆಯ ವಿಧಾನವನ್ನು ವಿವರಿಸಿದರು.

ಲೈಟ್ನರ್ ಪೆಟ್ಟಿಗೆಗೆ ಯಂತ್ರವಾಗಲಿ ಹಣವಾಗಲಿ ಬೇಕಿಲ್ಲ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಐದು ಮನೆಗಳನ್ನು ಮಾಡಿಕೊಳ್ಳಬೇಕು. ಚೀಟಿಯ ಒಂದು ಬದಿಯಲ್ಲಿ ಕನ್ನಡ ಅರ್ಥವನ್ನೂ ಇನ್ನೊಂದು ಬದಿಯಲ್ಲಿ ವಿದೇಶಿ ಪದವನ್ನು ಒಂದು ಚಿಕ್ಕ ವಾಕ್ಯದೊಂದಿಗೂ ಬರೆಯಬೇಕು. ಹೊಸ ಚೀಟಿಗಳೆಲ್ಲ ಮೊದಲ ಮನೆಯಲ್ಲಿರುತ್ತವೆ. ಸರಿಯಾಗಿ ನೆನಪಾದ ಚೀಟಿ ಮುಂದಿನ ಮನೆಗೆ ಹೋಗುತ್ತದೆ. ತಪ್ಪಿದ ಚೀಟಿ ಎಲ್ಲಿದ್ದರೂ ಮೊದಲ ಮನೆಗೆ ಮರಳುತ್ತದೆ. ಸಾಮಾನ್ಯ ಬಳಕೆಯಲ್ಲಿ ಮೊದಲ ಮನೆಯನ್ನು ದಿನವೂ, ಮುಂದಿನವುಗಳನ್ನು ಕ್ರಮವಾಗಿ ಹೆಚ್ಚುವ ಅಂತರಗಳಲ್ಲೂ ನೋಡುತ್ತಾರೆ. ಹೀಗೆ ಬಾರದ ಪದಗಳಿಗೆ ಹೆಚ್ಚು ಕಾಲ, ಬಂದ ಪದಗಳಿಗೆ ಕಡಿಮೆ ಕಾಲ ತಾನಾಗಿಯೇ ಹಂಚಿಕೆಯಾಗುತ್ತದೆ.

ಇದೇ ತತ್ತ್ವವನ್ನು ಗಣಕಯಂತ್ರಕ್ಕೆ ಅಳವಡಿಸಿದ ಮೊದಲ ತಂತ್ರಾಂಶಗಳಲ್ಲಿ ಪೋಲೆಂಡಿನ ಪಿಯೋಟರ್ ವೋಝ್ನಿಯಾಕ್ ಅವರು 1987ರಲ್ಲಿ ರೂಪಿಸಿದ ಸೂಪರ್‌ಮೆಮೊ ಒಂದು. 2006ರಲ್ಲಿ ಬಂದ ಆಂಕಿ ಎಂಬ ಮುಕ್ತ ತಂತ್ರಾಂಶದ ಹೆಸರು 'ಕಂಠಪಾಠ' ಎಂಬ ಅರ್ಥದ ಜಪಾನೀ ಪದದಿಂದ ಬಂದಿದೆ.

ಚೀಟಿಯನ್ನು ಬರಿದೆ ತಿರುಗಿಸಿ ಓದುವುದು ಸಾಲದು. ಉತ್ತರವನ್ನು ನೋಡುವ ಮುನ್ನ ಮನಸ್ಸಿನಲ್ಲಿ ಹೇಳಿಕೊಳ್ಳಲು ಪ್ರಯತ್ನಿಸಬೇಕು. ಪಾಠವನ್ನು ಮತ್ತೆ ಓದುವವರಿಗಿಂತ ನೆನಪಿನಿಂದ ಮರಳಿ ಹೇಳಲು ಯತ್ನಿಸುವವರಿಗೆ ಅದು ಹೆಚ್ಚು ದಿನ ಉಳಿಯುತ್ತದೆ ಎಂಬುದನ್ನು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅವರ 2006ರ ಪ್ರಯೋಗಗಳು ತೋರಿಸಿವೆ.

== ಅಭ್ಯಾಸದ ನಾಲ್ಕು ಎಳೆಗಳು ==

ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ ಅವರ ಪ್ರಕಾರ ಸಮತೋಲನದ ಕಲಿಕೆಯಲ್ಲಿ ನಾಲ್ಕು ಎಳೆಗಳಿರಬೇಕು ಮತ್ತು ಅವುಗಳಿಗೆ ಹೆಚ್ಚುಕಡಿಮೆ ಸಮಾನ ಕಾಲ ಸಲ್ಲಬೇಕು:

* ಅರ್ಥಕ್ಕಾಗಿ ಕೇಳುವುದು ಮತ್ತು ಓದುವುದು
* ಅರ್ಥವನ್ನು ತಿಳಿಸಲು ಮಾತನಾಡುವುದು ಮತ್ತು ಬರೆಯುವುದು
* ಪದ, ಉಚ್ಚಾರಣೆ, ವ್ಯಾಕರಣಗಳ ನೇರ ಅಧ್ಯಯನ
* ಬಲ್ಲದ್ದನ್ನೇ ಸರಾಗವಾಗಿ ಬಳಸುವ ಅಭ್ಯಾಸ

ತಾನಾಗಿ ಕಲಿಯುವವರ ದಿನಚರಿಯಲ್ಲಿ ಹೆಚ್ಚಾಗಿ ಮೂರನೆಯ ಎಳೆಯೊಂದೇ ಇರುತ್ತದೆ. ಸಾವಿರ ಪದ ಬಲ್ಲವರು ಅಂಗಡಿಯಲ್ಲಿ ಬ್ರೆಡ್ ಕೇಳಲು ತಡವರಿಸುವುದು ಇದರಿಂದಲೇ. ಹಂಗೇರಿಯ ದುಭಾಷಿ ಕಾಟೊ ಲೋಂಬ್ (1909–2003) ಕಾದಂಬರಿಗಳನ್ನು ಓದುವ ಮೂಲಕ ಹಲವು ಭಾಷೆಗಳನ್ನು ಕಲಿತವರು. ವ್ಯಯಿಸಿದ ಕಾಲವನ್ನು ಆಸಕ್ತಿಯಿಂದ ಗುಣಿಸಿ, ಸಂಕೋಚದಿಂದ ಭಾಗಿಸಿದರೆ ಬರುವುದೇ ಕಲಿಕೆಯ ಫಲ ಎಂಬರ್ಥದ ಸೂತ್ರವನ್ನು ಅವರು ಮುಂದಿಟ್ಟರು. ತಪ್ಪು ಮಾತನಾಡಿದರೆ ಯಾರಾದರೂ ನಕ್ಕಾರು ಎಂಬ ಹಿಂಜರಿಕೆ ಪ್ರಾಯದವರಲ್ಲಿ ಹೆಚ್ಚು. ಮನೆಯಲ್ಲಿ ಒಬ್ಬರೇ ಇರುವಾಗ ಗಟ್ಟಿಯಾಗಿ ಓದುವುದು, ಮಾಡುತ್ತಿರುವ ಕೆಲಸವನ್ನು ಆ ಭಾಷೆಯಲ್ಲೇ ಹೇಳಿಕೊಳ್ಳುವುದು ಈ ಸಂಕೋಚವನ್ನು ಕಳೆಯುವ ಸುಲಭ ಮಾರ್ಗ.

== ನಿದರ್ಶನ: ಕನ್ನಡ ಭಾಷಿಕರು ಮತ್ತು ಜರ್ಮನ್ ==

ಕನ್ನಡ ಮತ್ತು ಜರ್ಮನ್ ಭಾಷೆಗಳ ಸಂಬಂಧ ಹಳೆಯದು. ಜರ್ಮನಿಯ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ ಪರವಾಗಿ ಕರ್ನಾಟಕಕ್ಕೆ ಬಂದು ಕನ್ನಡ ಕಲಿತರು. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ನಿಘಂಟಿನಲ್ಲಿ ಪದಗಳ ಜೊತೆಗೆ ಗಾದೆಗಳೂ ಕಾವ್ಯಪ್ರಯೋಗಗಳೂ ಇವೆ. ಪದವನ್ನು ಅದರ ಬಳಕೆಯೊಂದಿಗೇ ಸಂಗ್ರಹಿಸುವ ಈ ಕ್ರಮ ಇಂದಿನ ಪದಚೀಟಿಗೂ ಮಾದರಿಯಾಗಬಲ್ಲದು.

ಇಂದು ಉನ್ನತ ವ್ಯಾಸಂಗ, ಎಂಜಿನಿಯರಿಂಗ್ ಮತ್ತು ಶುಶ್ರೂಷಾ ವೃತ್ತಿಗಾಗಿ ಕರ್ನಾಟಕದಿಂದ ಜರ್ಮನಿಗೆ ತೆರಳುವವರಿದ್ದಾರೆ. ಭಾಷಾಮಟ್ಟವನ್ನು ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಹಂತಗಳಲ್ಲಿ ಅಳೆಯುತ್ತಾರೆ. ಜರ್ಮನಿಯಲ್ಲಿರುವ ಪತಿ ಅಥವಾ ಪತ್ನಿಯನ್ನು ಸೇರಲು ವೀಸಾ ಕೋರುವವರಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಎ1 ಮಟ್ಟದ ಜ್ಞಾನ ಬೇಕಾಗುತ್ತದೆ. ಶುಶ್ರೂಷಕರಿಗೆ ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಇಂಥವರಿಗೆ ಭಾಷೆ ಹವ್ಯಾಸದ ಮಾತಲ್ಲ. ಸಂಸಾರ ಒಂದೆಡೆ ಸೇರುವುದೂ ವೃತ್ತಿ ದೊರೆಯುವುದೂ ಅದನ್ನೇ ಅವಲಂಬಿಸಿವೆ. ಎ1 ಮುಗಿಸಿದ ಕೂಡಲೇ ಪುಸ್ತಕ ಮುಚ್ಚಿಟ್ಟವರು ವೀಸಾ ಬರುವ ವೇಳೆಗೆ ಬಹುಪಾಲು ಮರೆತಿರುತ್ತಾರೆ. ಅಲ್ಲಿಗೆ ಹೋದ ಮೇಲೆ ವೈದ್ಯರ ಬಳಿ, ಮಕ್ಕಳ ಶಾಲೆಯಲ್ಲಿ ಇನ್ನೊಬ್ಬರ ನೆರವನ್ನು ಕಾಯಬೇಕಾಗುತ್ತದೆ.

ಕನ್ನಡ ಬಲ್ಲವರಿಗೆ ಜರ್ಮನ್‌ನಲ್ಲಿ ಕೆಲವು ಅನುಕೂಲಗಳಿವೆ. ವಿಭಕ್ತಿಯ ಕಲ್ಪನೆ ಪರಿಚಿತ; ಸಾಂಪ್ರದಾಯಿಕ ಕನ್ನಡ ವ್ಯಾಕರಣದ ಏಳು ವಿಭಕ್ತಿಗಳಿಗೆ ಎದುರಾಗಿ ಜರ್ಮನ್‌ನಲ್ಲಿರುವುದು ನಾಲ್ಕು. ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದು ಕನ್ನಡಿಗರಿಗೆ ಸಹಜವೆನಿಸುತ್ತದೆ. 'ನೀನು–ನೀವು' ಎಂಬಂತೆ ಅಲ್ಲಿಯೂ 'ಡು–ಝೀ' ಎಂಬ ಭೇದವಿದೆ. ಉದ್ದುದ್ದ ಪದಗಳು ನಮ್ಮ ಸಮಾಸಗಳಂತೆಯೇ ಬಿಡಿಸಿದರೆ ಅರ್ಥವಾಗುತ್ತವೆ: ಕೈಗವಸಿಗೆ 'ಹಾಂಟ್‌ಶೂ', ಎಂದರೆ ಕೈಯ ಪಾದರಕ್ಷೆ.

ದಿನನಿತ್ಯದ ಅಭ್ಯಾಸ ಹೆಚ್ಚಾಗಿ ಬೇಕಾಗುವುದು ಲಿಂಗದ ವಿಷಯದಲ್ಲಿ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ಎಂಬ ಪದವೇ ನಪುಂಸಕಲಿಂಗ. ಆದ್ದರಿಂದ ನಾಮಪದವನ್ನು ಅದರ ಹಿಂದಿನ ಗುರುತುಪದದೊಂದಿಗೇ 'ಡೇರ್ ಟಿಷ್', 'ಡೀ ಲಾಂಪ', 'ಡಾಸ್ ಬೂಖ್' ಎಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಮೂರು ಲಿಂಗಗಳಿಗೆ ಮೂರು ಬಣ್ಣದ ಶಾಯಿ ಬಳಸುವವರೂ ಇದ್ದಾರೆ. ಸಂಖ್ಯೆಗಳಲ್ಲಿ ಇಪ್ಪತ್ತೊಂದನ್ನು 'ಒಂದು-ಮತ್ತು-ಇಪ್ಪತ್ತು' ಎಂದು ಹೇಳುವುದರಿಂದ ದೂರವಾಣಿ ಸಂಖ್ಯೆ, ಬೆಲೆಗಳನ್ನು ಕೇಳಿ ಬರೆದುಕೊಳ್ಳುವ ಅಭ್ಯಾಸ ಬೇಕು. ಕನ್ನಡದಲ್ಲಿಲ್ಲದ ಎರಡು ಸ್ವರಗಳಿಗೆ ಸುಲಭ ದಾರಿಯಿದೆ: ತುಟಿಗಳನ್ನು 'ಓ'ಕಾರಕ್ಕೆಂದು ದುಂಡಗೆ ಮಾಡಿ 'ಏ' ಎನ್ನುವುದು, 'ಊ'ಕಾರಕ್ಕೆಂದು ಮುಂಚಾಚಿ 'ಈ' ಎನ್ನುವುದು.

ಒಂದು ಸರಳ ದಿನಚರಿ ಹೀಗಿರಬಹುದು:

# ಬೆಳಿಗ್ಗೆ ಕಾಫಿಯ ನಂತರ 15 ನಿಮಿಷ ಪದಚೀಟಿಗಳು. ಹೊಸ ಪದಗಳು ಐದಕ್ಕಿಂತ ಹೆಚ್ಚು ಬೇಡ
# ಬಸ್ಸಿನಲ್ಲಿ ಅಥವಾ ಅಡುಗೆಮನೆಯಲ್ಲಿ 20 ನಿಮಿಷ ಪಾಠದ ಧ್ವನಿಮುದ್ರಣ ಕೇಳಿ, ವಾಕ್ಯಗಳನ್ನು ಗಟ್ಟಿಯಾಗಿ ಅನುಕರಿಸುವುದು
# ರಾತ್ರಿ ಊಟದ ನಂತರ 10 ನಿಮಿಷ ದಿನದ ಬಗ್ಗೆ ಮೂರು ವಾಕ್ಯ ಬರೆಯುವುದು
# ವಾರಕ್ಕೊಮ್ಮೆ ಶಿಕ್ಷಕರೊಡನೆ ಅಥವಾ ಸಹಪಾಠಿಯೊಡನೆ ಮಾತುಕತೆ, ಬರೆದದ್ದರ ತಿದ್ದುಪಡಿ

== ಅಭ್ಯಾಸ ಮುರಿಯುವುದು ಮತ್ತು ಮುಂದುವರಿಕೆ ==

ಹಬ್ಬ, ಮದುವೆ, ಜ್ವರ, ಕಚೇರಿಯ ಒತ್ತಡಗಳಿಂದ ದಿನಚರಿ ತಪ್ಪುವುದು ಅನಿವಾರ್ಯ. ತಪ್ಪಿದ ದಿನಕ್ಕಿಂತ ಅದರ ಮರುದಿನ ಹೆಚ್ಚು ಮುಖ್ಯ. ಬಾಕಿಯನ್ನೆಲ್ಲ ಒಂದೇ ದಿನ ತೀರಿಸಲು ಹೊರಟವರು ದಣಿದು ಮತ್ತೆ ಬಿಡುತ್ತಾರೆ. ಎಂದಿನ ಪ್ರಮಾಣವನ್ನಷ್ಟೇ ಮಾಡಿ ಮುಂದುವರಿಯುವುದು ಕ್ಷೇಮ. ಇದಕ್ಕಾಗಿ ಒಂದು ಕನಿಷ್ಠ ಪಾಠವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು: ಎಂಥ ಕಷ್ಟದ ದಿನವಾದರೂ ಐದು ಚೀಟಿ. ಆ ಐದು ಚೀಟಿಗಳಿಂದ ಭಾಷೆ ಹೆಚ್ಚೇನೂ ಬೆಳೆಯದಿದ್ದರೂ ಕುಳಿತುಕೊಳ್ಳುವ ರೂಢಿ ಉಳಿಯುತ್ತದೆ.

ಪುನರಾವರ್ತನೆಗೆ ಬಂದ ಚೀಟಿಗಳು ರಾಶಿಯಾದಾಗ ಹೊಸ ಪದಗಳನ್ನು ಕೆಲವು ದಿನ ನಿಲ್ಲಿಸಬೇಕು. ಆಂಕಿಯಂಥ ತಂತ್ರಾಂಶಗಳನ್ನು ಜನರು ತೊರೆಯುವುದಕ್ಕೆ ಈ ರಾಶಿಯ ಭಯವೂ ಒಂದು ಕಾರಣ.

== ಮಿತಿಗಳು ಮತ್ತು ಟೀಕೆ ==

ರೂಢಿಯೊಂದೇ ಪ್ರಾವೀಣ್ಯವನ್ನು ತಂದುಕೊಡುವುದಿಲ್ಲ. ದಿನವೂ ಸುಲಭವಾದ ಪಾಠವನ್ನೇ ಮಾಡುತ್ತಿದ್ದರೆ ದಿನಗಳ ಎಣಿಕೆ ಏರುತ್ತದೆಯೇ ಹೊರತು ಭಾಷೆ ಏರುವುದಿಲ್ಲ. ಮೊಬೈಲ್ ಆ್ಯಪ್‌ಗಳು ಸತತ ದಿನಗಳ ಸಂಖ್ಯೆಯನ್ನು ತೋರಿಸಿ ಹುರಿದುಂಬಿಸುತ್ತವೆ. ಆದರೆ ಆ ಸಂಖ್ಯೆಯೇ ಗುರಿಯಾದಾಗ ಒಂದು ದಿನ ತಪ್ಪಿದ ಕೂಡಲೇ ಎಲ್ಲವೂ ವ್ಯರ್ಥವಾಯಿತೆಂಬ ಭಾವನೆ ಮೂಡುತ್ತದೆ. ಲ್ಯಾಲಿ ಅವರ ಅಧ್ಯಯನ ಈ ಭಾವನೆಗೆ ಆಧಾರ ಒದಗಿಸುವುದಿಲ್ಲ. ಇನ್ನು, ಎಬ್ಬಿಂಗ್‌ಹೌಸರ ಅಳತೆಗಳು ಅರ್ಥವಿಲ್ಲದ ಅಕ್ಷರಗಳಿಗೆ ಸಂಬಂಧಿಸಿದವು. ಅರ್ಥ, ಕಥೆ, ಸಂದರ್ಭಗಳಿಗೆ ಹೆಣೆದ ಪದಗಳು ಹೆಚ್ಚು ಕಾಲ ಉಳಿಯಬಲ್ಲವು. ವಿದೇಶಾಂಗ ಸೇವಾ ಸಂಸ್ಥೆಯ ಕಾಲಾವಧಿಗಳು ಇಂಗ್ಲಿಷ್ ಮಾತೃಭಾಷೆಯವರಿಗೆ ಸಂಬಂಧಿಸಿದವಾದ್ದರಿಂದ ಕನ್ನಡಿಗರಿಗೆ ಅವು ಸ್ಥೂಲ ಅಂದಾಜು ಮಾತ್ರ.

ಹೀಗಾಗಿ ಪ್ರತಿ ಎರಡು ಮೂರು ತಿಂಗಳಿಗೊಮ್ಮೆ ದಿನಚರಿಯನ್ನು ಪರಿಶೀಲಿಸುವುದು ಅಗತ್ಯ. ಹಿಂದೆ ಬರೆದ ಮೂರು ವಾಕ್ಯಗಳನ್ನು ಇಂದಿನವುಗಳ ಪಕ್ಕದಲ್ಲಿಟ್ಟು ನೋಡಿದರೆ ಆದ ಪ್ರಗತಿಯೂ ಉಳಿದ ತಪ್ಪುಗಳೂ ಕಾಣುತ್ತವೆ. ಪಾಠ ತೀರ ಸುಲಭವೆನಿಸಿದರೆ ಮೇಲಿನ ಹಂತಕ್ಕೆ ಹೋಗಬೇಕು. ತೀರ ಕಷ್ಟವೆನಿಸಿದರೆ ಪ್ರಮಾಣವನ್ನು ತಗ್ಗಿಸಬಹುದು, ವೇಳೆಯನ್ನು ಮಾತ್ರ ಬದಲಿಸಬಾರದು.