ಐದಕ್ಷರದ ಪದಗಳೊಳಗೆ ಮೌನವಾದ ದನಿ

ಐದನೇ ತರಗತಿಯಲ್ಲಿ ನಮಗೆ ಇಂಗ್ಲಿಷ್ ಶುರುವಾಯಿತು. ಮೇಷ್ಟ್ರು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಎಂಟು ಪದ ಬರೆದಿದ್ದರು: ಲೈಟ್, ನೈಟ್, ರೈಟ್, ಮೈಟ್, ಫೈಟ್, ಸೈಟ್, ಟೈಟ್, ಏಟ್. ಎಲ್ಲವೂ ಐದಕ್ಷರದವು, ಎಲ್ಲದರ ಬಾಲವೂ ಐ-ಜಿ-ಎಚ್-ಟಿ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಎದ್ದು ನಿಂತು ಎರಡನೆಯದನ್ನು ‘ನಿಗ್ಹ್ಟ್’ ಎಂದು ಓದಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ‘ಜಿ-ಎಚ್ ಸೈಲೆಂಟ್ ಕಣೋ’ ಅಂದರು ಮೇಷ್ಟ್ರು. ಯಾಕೆ ಸೈಲೆಂಟ್ ಎಂದು ಯಾರೂ ಕೇಳಲಿಲ್ಲ. ಅವತ್ತಿನಿಂದ ಅವನ ಹೆಸರೇ ‘ನಿಗ್ಟ್’ ಆಯಿತು. ಅವನು ಮತ್ತೆಂದೂ ಇಂಗ್ಲಿಷನ್ನು ಗಟ್ಟಿಯಾಗಿ ಓದಲಿಲ್ಲ.

ಈಗ ಸಂಶೋಧನೆಯ ನೆಪದಲ್ಲಿ ಭಾಷಾಚರಿತ್ರೆಯ ಪುಸ್ತಕಗಳನ್ನು ತಿರುವಿಹಾಕುವಾಗ ಆ ಕರಿಹಲಗೆ ಮತ್ತೆ ಮತ್ತೆ ನೆನಪಾಗುತ್ತದೆ. ಏಕೆಂದರೆ ಆ ಜಿ-ಎಚ್ ಹುಟ್ಟಿನಿಂದಲೇ ಮೂಕವಾಗಿದ್ದದ್ದಲ್ಲ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ರಾತ್ರಿಗೆ ‘ನಿಹ್ತ್’ ಎನ್ನುತ್ತಿದ್ದರು. ಅಲ್ಲಿನ ‘ಹ್’ ನಮ್ಮ ಹಗುರವಾದ ಹಕಾರವಲ್ಲ. ಹ ಮತ್ತು ಖಗಳ ನಡುವೆ ಎಲ್ಲೋ ಉಜ್ಜಿಕೊಂಡು ಬರುವ ದನಿ. ಜರ್ಮನ್ ಭಾಷೆ ಅದನ್ನು ಇಂದಿಗೂ ಬಿಟ್ಟಿಲ್ಲ: ರಾತ್ರಿಗೆ ‘ನಾಖ್ಟ್’, ಬೆಳಕಿಗೆ ‘ಲಿಖ್ಟ್’, ಎಂಟಕ್ಕೆ ‘ಆಖ್ಟ್’. ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲೂ ರಾತ್ರಿ ‘ನಿಖ್ಟ್’. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ಆಕ್ಟೋ’, ಸಂಸ್ಕೃತದ ‘ಅಷ್ಟ’ ಮತ್ತು ಇಂಗ್ಲಿಷಿನ ಎಂಟು ಒಂದೇ ಬಳ್ಳಿಯ ಕಾಯಿಗಳು. ರಾತ್ರಿಯ ಪದವೂ ಹಾಗೆಯೇ. ಸಂಸ್ಕೃತದ ‘ನಕ್ತ’ ಅದರ ನೆಂಟ. ರಾತ್ರಿ ಅಲೆಯುವವರನ್ನು ‘ನಕ್ತಂಚರ’ ಎಂದು ಕರೆಯುವಾಗ ನಾವು ಉಚ್ಚರಿಸುವ ಆ ಕಕಾರವೇ ಇಂಗ್ಲಿಷಿನ ಕಡೆ ಹೋಗಿ, ಸವೆದು ಹಕಾರವಾಗಿ, ಕೊನೆಗೆ ಮೂಕವಾಯಿತು. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿದ್ದೀತು ಎಂದದ್ದು, 1822ರಲ್ಲಿ ಯಾಕೋಬ್ ಗ್ರಿಮ್ ಆ ಕಕಾರ ಹಕಾರವಾಗುವ ನಿಯಮವನ್ನು ವಿವರಿಸಿದ್ದು, ಎರಡೂ ಇಂಥ ಜೋಡಿಗಳನ್ನು ಎದುರಿಗಿಟ್ಟುಕೊಂಡೇ.

ಹಾಗಾದರೆ ಜಿ-ಎಚ್ ಬಂದದ್ದು ಎಲ್ಲಿಂದ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಮುಂದಿನ ಶತಮಾನಗಳಲ್ಲಿ ಫ್ರೆಂಚ್ ಬರವಣಿಗೆಯಲ್ಲಿ ಪಳಗಿದ ಲಿಪಿಕಾರರ ಕೈಯಲ್ಲಿ ಹಳೆಯ ಇಂಗ್ಲಿಷಿನ ಕೆಲವು ಅಕ್ಷರಗಳು ಮೂಲೆಗೆ ಸರಿದವು. ಆ ಉಜ್ಜುವ ದನಿಯನ್ನು ಸೂಚಿಸಲು ಜಿ-ಎಚ್ ಜೋಡಿ ನೆಲೆಯಾಯಿತು. ಅಂದರೆ ಅದು ದನಿಯನ್ನು ಹಿಡಿಯಲೆಂದೇ ಕೂಡಿಸಿದ ಜೋಡಿ. 14ನೇ ಶತಮಾನದ ಕವಿ ಚಾಸರ್ ಅದನ್ನು ಉಚ್ಚರಿಸುತ್ತಿದ್ದ.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ. ಅಚ್ಚಿನಿಂದಾಗಿ ಕಾಗುಣಿತ ನಿಧಾನವಾಗಿ ಗಟ್ಟಿಯಾಗತೊಡಗಿತು. ಆದರೆ ಬಾಯಿ ನಿಲ್ಲಲಿಲ್ಲ. ಉಜ್ಜುವ ದನಿ ಸವೆಯಿತು, ಅದರ ಹಿಂದಿನ ‘ಇ’ ದೀರ್ಘವಾಯಿತು, ಆ ‘ಈ’ ಮುಂದೆ ‘ಐ’ ಆಯಿತು. ನಿಹ್ತ್, ನೀಟ್, ನೈಟ್. ಕೆಲವು ಪದಗಳಲ್ಲಿ ಅದೇ ದನಿ ‘ಫ’ ಆಯಿತು. ಐದಕ್ಷರದ್ದೇ ಆದ ಲಾಫ್, ಕಾಫ್, ರಫ್, ಟಫ್‌ಗಳ ಕೊನೆಯ ಜಿ-ಎಚ್ ಅದೇ. ಪುಟದ ಮೇಲಿನ ಅಕ್ಷರಗಳು ಮಾತ್ರ ಇದ್ದಲ್ಲೇ ಉಳಿದವು, ಒಕ್ಕಲು ಬಿಟ್ಟುಹೋದ ಮನೆಯ ಹಾಗೆ.

ತಮಾಷೆಯೆಂದರೆ, ಮೂಕವಾದ ಮೇಲೆ ಜಿ-ಎಚ್‌ಗೆ ಗೌರವ ಹೆಚ್ಚಿತು. ಆನಂದವೆಂಬ ಅರ್ಥದ ‘ಡಿಲೈಟ್’ ಫ್ರೆಂಚಿನಿಂದ ಬಂದ ಪದ. ಅದರಲ್ಲಿ ಆ ದನಿ ಎಂದೂ ಇರಲಿಲ್ಲ. ‘ಲೈಟ್’ ಪದದ ಹೋಲಿಕೆಯಿಂದ 16ನೇ ಶತಮಾನದಲ್ಲಿ ಅದಕ್ಕೂ ಜಿ-ಎಚ್ ಅಂಟಿಸಿದರು. ಇವತ್ತು ಆ ತಪ್ಪೇ ಸರಿ. ಅದನ್ನು ಬಿಟ್ಟು ಬರೆದವರಿಗೆ ಅಂಕವಿಲ್ಲ.

ಕನ್ನಡ ಹಿಡಿದದ್ದು ಬೇರೆ ದಾರಿ. ನಮ್ಮಲ್ಲೂ ದನಿಗಳು ಸತ್ತಿವೆ. ಹಳಗನ್ನಡದ ಏೞು, ಬಾೞೆ, ಕೞ್ತೆಗಳಲ್ಲಿದ್ದ ೞಕಾರ ಬಾಯಿಂದ ಜಾರಿದಾಗ ನಾವು ಏಳು, ಬಾಳೆ, ಕತ್ತೆ ಎಂದೇ ಬರೆಯತೊಡಗಿದೆವು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಬರವಣಿಗೆ ಬಾಯಿಯ ಹಿಂದೆ ನಡೆಯಿತು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಕಿವಿಗೆ ತಾನೇ ತಿಳಿಯುವ ವ್ಯತ್ಯಾಸಕ್ಕೆ ಪಟ್ಟಿ ಬೇಕಾಗುವುದಿಲ್ಲ. ಪಟ್ಟಿ ಹುಟ್ಟುವುದು ದನಿ ಕೈಬಿಟ್ಟಾಗ. ನಮ್ಮ ಮೇಷ್ಟ್ರ ಕರಿಹಲಗೆಯೂ ಅಂಥದೇ ಪಟ್ಟಿಯಾಗಿತ್ತು. ಆದರೆ ಅದು ಯಾವ ದನಿಯ ನೆನಪು ಎಂಬುದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಕನ್ನಡದ ದಾರಿಯೇ ಮೇಲು ಎನ್ನಲಾರೆ. ಬರೆದದ್ದು ಬದಲಾದ್ದರಿಂದ ನಾವು ಪಂಪನನ್ನು ಓದಲು ಬೇರೆಯಾಗಿ ಪಾಠ ಹೇಳಿಸಿಕೊಳ್ಳಬೇಕು. ಇಂಗ್ಲಿಷ್ ತನ್ನ ಚರಿತ್ರೆಯನ್ನು ಕಾಗುಣಿತದಲ್ಲೇ ಉಳಿಸಿಕೊಂಡಿತು, ಅದರ ಬೆಲೆಯನ್ನು ಮಕ್ಕಳು ತೆರುತ್ತಾರೆ. ನನ್ನ ತಕರಾರು ಕಾಗುಣಿತದ ಮೇಲಲ್ಲ. ಚರಿತ್ರೆಯನ್ನು ಹೇಳದೆ ‘ಸೈಲೆಂಟ್’ ಎಂದಷ್ಟೇ ಹೇಳಿ, ಬರೆದದ್ದನ್ನು ಬರೆದ ಹಾಗೇ ಓದಿದವನನ್ನು ದಡ್ಡನೆಂದು ಕೂರಿಸುವುದರ ಮೇಲೆ. ಕನ್ನಡ ಅವನಿಗೆ ಕಲಿಸಿದ್ದು ಅದನ್ನೇ ಅಲ್ಲವೆ, ಕಂಡ ಅಕ್ಷರವನ್ನು ಬಿಡದೆ ಓದು ಅಂತ?

ಗೆಳೆಯ ಹತ್ತನೇ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿ ಓದು ಬಿಟ್ಟ. ಹೋದ ವರ್ಷ ಫೋನಿನಲ್ಲಿ ಅವನಿಗೆ ಇದನ್ನೆಲ್ಲ ಹೇಳಿದೆ. ಅವತ್ತು ಆ ತರಗತಿಯಲ್ಲಿ ಚಾಸರ್‌ಗೆ ಹತ್ತಿರವಾಗಿ ಓದಿದವನು ನೀನೊಬ್ಬನೇ, ನಕ್ಕಿದ್ದು ನಮ್ಮ ತಪ್ಪು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈಗ ಹೇಳಿ ಏನು ಬಂತು ಮಾರಾಯ?’ ಅಂದ. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅವನೇ, ‘ನನ್ನ ಮಗಳು ಮುಂದಿನ ವರ್ಷ ಐದಕ್ಕೆ ಹೋಗ್ತಾಳೆ. ಅವಳಿಗೆ ಹೇಳು’ ಅಂದ.