ಕಲವಾವೊದ ಫಿಲೋಮಿನಾ ಇಗರ್ಜಿ: ಒಂದು ಸಂದರ್ಶನದ ಪೂರ್ವಸಿದ್ಧತೆ

ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಯೊಬ್ಬರು ಕಾರ್ಯನಿಮಿತ್ತ ಹವಾಯಿ ದ್ವೀಪಗಳಿಗೆ ಹೊರಟಿದ್ದರು. ಅಲ್ಲಿಯ ಮೊಲೊಕಾಯ್ ದ್ವೀಪದ ಕಲೌಪಾಪ ರಾಷ್ಟ್ರೀಯ ಐತಿಹಾಸಿಕ ಉದ್ಯಾನದಲ್ಲಿರುವ ಸಂತ ಫಿಲೋಮಿನಾ ಇಗರ್ಜಿಯನ್ನು ನೋಡುವ ಅಪೇಕ್ಷೆ ತಮಗಿದೆಯೆಂದೂ, ಹೊರಡುವ ಮುನ್ನ ಏನೇನನ್ನು ತಿಳಿದಿರಬೇಕೆಂದೂ ಅವರು ಕೇಳಿ ಬರೆದಿದ್ದರು. ನಾನು ಆ ದ್ವೀಪವನ್ನು ಕಂಡವನಲ್ಲ. ಆದರೆ ಕುಷ್ಠರೋಗದ ಸಾಮಾಜಿಕ ಚರಿತ್ರೆಯನ್ನು ಓದುವ ಸಂದರ್ಭದಲ್ಲಿ ಆ ಇಗರ್ಜಿಯ ವಿಷಯವಾಗಿ ಒಂದಿಷ್ಟು ಟಿಪ್ಪಣಿ ಮಾಡಿಕೊಂಡಿದ್ದೆ. ಅವರಿಗೆ ಬರೆದ ಉತ್ತರವನ್ನೇ ತಿದ್ದಿ, ವಿಸ್ತರಿಸಿ ಇಲ್ಲಿ ಕೊಟ್ಟಿದೆ. ಚಾರಿತ್ರಿಕ ಸ್ಥಳವೊಂದನ್ನು ಯಾವ ಕ್ರಮದಲ್ಲಿ ನೋಡುತ್ತೇವೆ ಎಂಬುದು, ಅಲ್ಲಿ ನಮಗೆ ಯಾವ ಚರಿತ್ರೆ ಕಾಣುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಫಿಲೋಮಿನಾ ಇಗರ್ಜಿಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಫಿಲೋಮಿನಾ ಎಂಬ ಹೆಸರು ಮೈಸೂರನ್ನು ಬಲ್ಲವರಿಗೆ ಹೊಸದಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ, ಜೋಡಿ ಗೋಪುರಗಳ ಮಹಾಮಂದಿರವೂ ಇದೇ ಸಂತಳ ಹೆಸರಿನದು. 1802ರಲ್ಲಿ ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ದೊರೆತ ಅಸ್ಥಿಗಳಿಂದ ಪ್ರಸಿದ್ಧಿಗೆ ಬಂದ ಈ ಸಂತಳ ಭಕ್ತಿ ಹತ್ತೊಂಬತ್ತನೆಯ ಶತಮಾನದಲ್ಲಿ ಭೂಮಂಡಲದ ಮೂಲೆಮೂಲೆಗೂ ಹಬ್ಬಿತು. 1961ರಲ್ಲಿ ರೋಮಿನ ಆದೇಶದಂತೆ ಪೂಜಾ ಪಂಚಾಂಗದಿಂದ ಅವಳ ಹೆಸರು ಬಿಟ್ಟುಹೋದರೂ ಇಗರ್ಜಿಗಳು ಹೆಸರನ್ನು ಬಿಡಲಿಲ್ಲ. ಮೈಸೂರಿನ ಗೋಪುರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಲವಾವೊಗೆ ಹೋದವನಿಗೆ ನಿರಾಶೆಯಾದೀತು. ಅಲ್ಲಿರುವುದು ಹುಲ್ಲುಬಯಲಿನ ನಡುವೆ, ಸಮುದ್ರದ ಗಾಳಿಗೆ ಮೈಯೊಡ್ಡಿ ನಿಂತ ಚಿಕ್ಕ ಕಟ್ಟಡ.

ಮೊದಲು ಭೂಮಿಯ ವಿಚಾರ. ಮೊಲೊಕಾಯ್‌ನ ಉತ್ತರ ತೀರದಲ್ಲಿ, ಸಮುದ್ರದಿಂದ ನೆಟ್ಟಗೆ ಎದ್ದ ಮಹಾಪ್ರಪಾತಗಳ ಬುಡದಲ್ಲಿ, ಅಗ್ನಿಪರ್ವತವೊಂದು ಉಗುಳಿದ ಶಿಲಾರಸದಿಂದಾದ ಚಪ್ಪಟೆಯಾದ ನಾಲಗೆಯಂತಹ ಭೂಭಾಗವಿದೆ. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಗೋಡೆಯಂತಹ ಬೆಟ್ಟ. ಮೇಲಿನಿಂದ ಇಳಿಯುವ ಕಾಲುದಾರಿ ಮೂರು ಮೈಲಿಗೆ ಮೇಲ್ಪಟ್ಟಿದ್ದು, 26 ತಿರುವುಗಳಲ್ಲಿ ಸುಮಾರು 1,600 ಅಡಿ ಇಳಿಯುತ್ತದೆ. ಈ ಭೂಭಾಗದ ಪಶ್ಚಿಮದ ಅಂಚು ಕಲೌಪಾಪ. ಅದು ಒಣ ನೆಲ, ಹಿತವಾದ ಬಿಸಿಲು. ಪೂರ್ವದ ಅಂಚು ಕಲವಾವೊ. ಅಲ್ಲಿ ಗಾಳಿ, ಮಳೆ, ಬೆಟ್ಟದ ನೆರಳು. ಇಗರ್ಜಿ ಇರುವುದು ಪೂರ್ವದಲ್ಲಿ. ಇದು ಜನವಿಲ್ಲದ ಬೆಂಗಾಡಾಗಿತ್ತೆಂದು ತಿಳಿಯಬಾರದು. ಹವಾಯಿಯ ಮೂಲನಿವಾಸಿಗಳು ಶತಮಾನಗಳಿಂದ ಇಲ್ಲಿ ಗೆಣಸು ಬೆಳೆದು, ಮೀನು ಹಿಡಿದು ಬಾಳಿದ್ದರು. ಅವರಲ್ಲಿ ಕೊನೆಯವರನ್ನು ಸರ್ಕಾರ ಅಲ್ಲಿಂದ ಎಬ್ಬಿಸಿದ್ದು 1895ರಲ್ಲಿ.

ಸರ್ಕಾರದ ಕಣ್ಣು ಈ ನೆಲದ ಮೇಲೆ ಬಿದ್ದುದಕ್ಕೆ ಕಾರಣ ಆ ಪ್ರಪಾತವೇ. ಐದನೆಯ ಕಮೆಹಮೆಹ ರಾಜನು 1865ರ ಜನವರಿ 3ರಂದು ಕುಷ್ಠರೋಗ ಪ್ರಸಾರ ನಿರೋಧಕ ಶಾಸನಕ್ಕೆ ಸಹಿ ಹಾಕಿದನು. ಮರುವರ್ಷ ಜನವರಿ 6ರಂದು ಮೊದಲನೆಯ ತಂಡವಾಗಿ ಒಂಬತ್ತು ಗಂಡಸರನ್ನೂ ಮೂವರು ಹೆಂಗಸರನ್ನೂ ಹಡಗಿನಲ್ಲಿ ತಂದು ಇಳಿಸಲಾಯಿತು. ರೋಗಿಗಳು ತಾವೇ ಉತ್ತು ಬಿತ್ತು ಜೀವಿಸುವರೆಂಬುದು ಅಧಿಕಾರಿಗಳ ಲೆಕ್ಕಾಚಾರವಾಗಿತ್ತು. ಕೈಬೆರಳು ಮರಗಟ್ಟಿದವನು ಗುದ್ದಲಿ ಹಿಡಿಯಬೇಕೆಂಬ ಈ ಯೋಜನೆ ಎಷ್ಟು ದಿನ ನಡೆದೀತೆಂಬುದನ್ನು ಹೇಳಬೇಕಾಗಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಸುಮಾರು 8,000 ಮಂದಿಯನ್ನು ಇಲ್ಲಿಗೆ ಕಳುಹಿಸಲಾಯಿತು. ಅವರಲ್ಲಿ ಬಹುಪಾಲು ಮಂದಿ ಹವಾಯಿಯ ಮೂಲನಿವಾಸಿಗಳು. ಅವರ ಭಾಷೆಯಲ್ಲಿ ಈ ರೋಗಕ್ಕೆ ‘ಅಗಲಿಸುವ ಬೇನೆ’ ಎಂಬರ್ಥದ ಹೆಸರು ಹುಟ್ಟಿಕೊಂಡಿತು. ರೋಗದ ಲಕ್ಷಣಕ್ಕಿಂತ ಶಾಸನದ ಲಕ್ಷಣವನ್ನೇ ಈ ಹೆಸರು ಹೆಚ್ಚು ನಿಖರವಾಗಿ ಹಿಡಿದಿದೆ.

ಈಗ ಇಗರ್ಜಿಗೆ ಬರೋಣ. ಮೊದಲ ಕಟ್ಟಡವು 1872ರಲ್ಲಿ ವಿಕ್ಟೋರಿನ್ ಬರ್ಟ್ರಾಂಡ್ ಎಂಬ ಮಠೀಯ ಸೋದರರು ನಿರ್ಮಿಸಿದ ಮರದ ಪ್ರಾರ್ಥನಾಮಂದಿರ. ಆಗ ಅಲ್ಲಿ ನೆಲೆಸಿದ ಪಾದ್ರಿ ಯಾರೂ ಇರಲಿಲ್ಲ. ಬೆಲ್ಜಿಯಂ ದೇಶದ ಡೇಮಿಯನ್ ಡಿ ವೆಸ್ಟರ್ ಅವರು ಬಂದುದು 1873ರ ಮೇ 10ರಂದು. ಅವರಿಗಾಗ 33 ವರ್ಷ. ಮನೆಯಿಲ್ಲದೆ ಮೊದಲ ಕೆಲವು ವಾರ ಇಗರ್ಜಿಯ ಬಳಿಯ ಕೇದಗೆ ಜಾತಿಯ ಮರವೊಂದರ ಕೆಳಗೆ ಮಲಗಿದರು. ಜನ ಹೆಚ್ಚಿದಂತೆ 1876ರಲ್ಲಿ ಮರದ ಕಟ್ಟಡವನ್ನು ವಿಸ್ತರಿಸಿದರು; 1888ರಲ್ಲಿ ಕಲ್ಲಿನ ಭಾಗವನ್ನು ಆರಂಭಿಸಿದರು. ಅದು ಮುಗಿಯುವುದನ್ನು ಕಾಣಲು ಅವರಿರಲಿಲ್ಲ. 1884ರ ಕೊನೆಯಲ್ಲಿ ಅವರ ಪಾದದ ಮೇಲೆ ಕುದಿನೀರು ಬಿದ್ದರೂ ಉರಿ ತಿಳಿಯಲಿಲ್ಲ, ರೋಗವೆಂದು ಖಚಿತವಾಯಿತು. 1889ರ ಏಪ್ರಿಲ್ 15ರಂದು ತೀರಿಕೊಂಡ ಅವರನ್ನು ಮೊದಲು ಆಶ್ರಯ ಕೊಟ್ಟಿದ್ದ ಅದೇ ಮರದ ಬುಡದಲ್ಲಿ ಮಣ್ಣು ಮಾಡಿದರು.

ಹೀಗೆ ಕಟ್ಟಡದಲ್ಲಿ ಮೂರು ಕಾಲದ ಕೆಲಸ ಒಂದಕ್ಕೊಂದು ಅಂಟಿಕೊಂಡಿದೆ. ಸಂದರ್ಶಕನು ಒಳಹೋಗುವ ಮುನ್ನ ಹೊರಗಿನಿಂದ ಒಂದು ಸುತ್ತು ಬಂದು, ಮರ ಎಲ್ಲಿ ಮುಗಿದು ಕಲ್ಲು ಎಲ್ಲಿ ತೊಡಗುತ್ತದೆಂಬುದನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಒಳಗೆ ನೋಡಬೇಕಾದುದು ಪೂಜಾವೇದಿಕೆಗಿಂತ ಹೆಚ್ಚಾಗಿ ನೆಲ. ಡೇಮಿಯನ್ನರು ನೆಲದ ಹಲಗೆಗಳಲ್ಲಿ ಚೌಕನೆಯ ರಂಧ್ರಗಳನ್ನು ಕೊರೆಸಿದ್ದರು. ಗಂಟಲೂ ಶ್ವಾಸನಾಳವೂ ಹುಣ್ಣಾದವರಿಗೆ ಉಗುಳದೆ ಕೂಡುವುದು ಅಸಾಧ್ಯ. ನಾಚಿಕೆಯಿಂದ ಅವರು ಪೂಜೆಗೆ ಬಾರದೆ ಹೊರಗೇ ಉಳಿಯುತ್ತಿದ್ದರು. ಎಲೆಯನ್ನು ಸುರುಳಿ ಮಾಡಿ ರಂಧ್ರದಲ್ಲಿಟ್ಟು ಅದರ ಮೂಲಕ ಉಗುಳಬಹುದಾದ ಮೇಲೆ ಅವರೂ ಒಳಗೆ ಬಂದು ಕೂತರು. ಡೇಮಿಯನ್ನರ ಮೇಲೆ ಬರೆದ ಗ್ರಂಥಗಳು ಒಂದು ಕಪಾಟು ತುಂಬುತ್ತವೆ. ಅವರ ಸ್ವಭಾವವನ್ನು ತಿಳಿಯಲು ನನಗೆ ಅವುಗಳಲ್ಲಿ ಅನೇಕಕ್ಕಿಂತ ಈ ರಂಧ್ರಗಳು ಹೆಚ್ಚು ಸಹಾಯಕವಾಗಿವೆ. ದೂರದಿಂದ ಮರುಗುವವನಿಗೆ ಇದು ಹೊಳೆಯುವುದಿಲ್ಲ. ಪಕ್ಕದಲ್ಲಿ ಕೂತವನಿಗೆ ಮಾತ್ರ ಹೊಳೆಯುತ್ತದೆ.

ಆದರೆ ಇಲ್ಲಿಯೇ ನಿಂತುಬಿಟ್ಟರೆ ಇಗರ್ಜಿಯು ಒಬ್ಬ ಮಹಾಪುರುಷನ ಸ್ಮಾರಕವಾಗಿ ಮಾತ್ರ ಉಳಿಯುತ್ತದೆ. ಬಹುಮಂದಿ ಸಂದರ್ಶಕರು ಹಾಗೆಯೇ ನೋಡಿ ಬರುತ್ತಾರೆ. ಅದಕ್ಕೆ ಕಾರಣವೂ ಇದೆ. ಡೇಮಿಯನ್ನರು ಸತ್ತ ಕೆಲವೇ ವಾರಗಳಲ್ಲಿ, 1889ರ ಮೇ ತಿಂಗಳಲ್ಲಿ, ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ ಇಲ್ಲಿಗೆ ಬಂದು ಸುಮಾರು ಒಂದು ವಾರ ತಂಗಿದ್ದನು. ಹೊನಲುಲುವಿನ ಪ್ರಾಟೆಸ್ಟೆಂಟ್ ಧರ್ಮಗುರು ಹೈಡ್ ಎಂಬುವರು ಡೇಮಿಯನ್ನರನ್ನು ಹೀಯಾಳಿಸಿ ಬರೆದ ಪತ್ರ ಪ್ರಕಟವಾದಾಗ ಸ್ಟೀವನ್ಸನ್ 1890ರಲ್ಲಿ ಬಹಿರಂಗ ಪತ್ರವೊಂದರಿಂದ ಉತ್ತರ ಕೊಟ್ಟನು. ಆ ಪತ್ರ ಲೋಕವನ್ನೆಲ್ಲ ಸುತ್ತಿತು. ಅಂದಿನಿಂದ ಕಲವಾವೊದ ಕಥೆಯೆಂದರೆ ಡೇಮಿಯನ್ನರ ಪರ ಮತ್ತು ವಿರುದ್ಧದ ವಾದವೆಂಬಂತಾಯಿತು. ವಾದಿಸಿದ ಇಬ್ಬರೂ ಹೊರಗಿನವರು. ಅಲ್ಲಿಯೇ ಬಾಳಿ ಸತ್ತವರು ಎರಡು ಪಕ್ಷದವರಿಗೂ ಹಿನ್ನೆಲೆಯ ಚಿತ್ರವಾದರು: ಡೇಮಿಯನ್ನರು ಬರುವ ಮುನ್ನ ಕುಡಿತ ಮತ್ತು ಅರಾಜಕತೆಯಲ್ಲಿ ಮುಳುಗಿದ್ದ ಗುಂಪು, ಬಂದ ಮೇಲೆ ಕೃತಜ್ಞತೆಯಿಂದ ಕೈಮುಗಿದ ಗುಂಪು.

ಈ ಚಿತ್ರ ನಿಲ್ಲುವುದಿಲ್ಲವೆಂಬುದಕ್ಕೆ ಸಾಕ್ಷ್ಯ ಫಿಲೋಮಿನಾ ಇಗರ್ಜಿಗೆ ಹೋಗುವ ದಾರಿಯಲ್ಲಿಯೇ ಇದೆ. ಕಲೌಪಾಪದಿಂದ ಪೂರ್ವಕ್ಕೆ ಮೂರು ನಾಲ್ಕು ಮೈಲಿ ಬಂದಾಗ, ಡೇಮಿಯನ್ನರ ಇಗರ್ಜಿಗೆ ಸ್ವಲ್ಪ ಮೊದಲೇ ಇನ್ನೊಂದು ಪುಟ್ಟ ಪ್ರಾರ್ಥನಾಮಂದಿರ ಕಾಣುತ್ತದೆ. ಅದರ ಹೆಸರು ಸಿಲೊವಾಮ. ಬೈಬಲಿನಲ್ಲಿ ಕುರುಡನು ತೊಳೆದುಕೊಂಡು ದೃಷ್ಟಿ ಪಡೆದ ಕೊಳದ ಹೆಸರು. ಮೊದಲ ಹಡಗು ಬಂದ 1866ನೆಯ ಇಸವಿಯಲ್ಲಿಯೇ, ಹೊರಗಿನ ಯಾವ ಧರ್ಮಗುರುವೂ ನೆಲೆಸಿರದಿದ್ದಾಗ, 35 ಮಂದಿ ರೋಗಿಗಳು ತಾವಾಗಿಯೇ ಸೇರಿ ಪ್ರಾಟೆಸ್ಟೆಂಟ್ ಸಭೆಯೊಂದನ್ನು ಸ್ಥಾಪಿಸಿಕೊಂಡರು. 1871ರಲ್ಲಿ ಅವರಿಗೆ ಮಂದಿರವೂ ಆಯಿತು. ಈಗಿರುವುದು ಅನಂತರ ಪುನರ್ನಿರ್ಮಿತವಾದ ಕಟ್ಟಡ. ಸಭೆಯ ವಯಸ್ಸು ಮಾತ್ರ ಬದಲಾಗುವಂಥದಲ್ಲ. ಡೇಮಿಯನ್ನರು ಬರುವುದಕ್ಕೆ ಏಳು ವರ್ಷ ಮೊದಲೇ ಇಂತಹದೊಂದು ಸಂಘವನ್ನು ಕಟ್ಟಿ ನಡೆಸಿದವರನ್ನು ಅರಾಜಕರೆಂದು ಒಟ್ಟಾಗಿ ಕರೆಯುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಕುಡಿತ, ಕಳವು, ಬಲಾತ್ಕಾರ ಇರಲಿಲ್ಲವೆಂದಲ್ಲ. ಅನ್ನ, ವೈದ್ಯ, ಸೂರು ಯಾವುದನ್ನೂ ಸರಿಯಾಗಿ ಒದಗಿಸದ ಆಡಳಿತದ ಹೊಣೆಯನ್ನು ರೋಗಿಗಳ ನಡತೆಯ ಮೇಲೆ ಹೊರಿಸಲಾಯಿತೆಂಬುದೇ ನನ್ನ ತಕರಾರು.

ಇನ್ನೂ ಕೆಲವರನ್ನು ಇಲ್ಲಿ ನೆನೆಯಬೇಕು. ಹವಾಯಿಯವರೇ ಆದ ಜೋನಾಥನ್ ನಾಪೆಲ ಮಾರ್ಮನ್ ಪಂಥದ ಗಣ್ಯರು. ಆ ಪಂಥದ ಗ್ರಂಥವನ್ನು ಹವಾಯಿ ಭಾಷೆಗೆ ತರುವುದರಲ್ಲಿ ನೆರವಾದವರು. ರೋಗ ಅವರಿಗಲ್ಲ, ಪತ್ನಿ ಕಿಟ್ಟಿಗೆ. ಪತ್ನಿಯನ್ನು ಒಬ್ಬಳನ್ನೇ ಕಳುಹಿಸಲಾರದೆ 1873ರಲ್ಲಿ ಆಕೆಯೊಡನೆ ತಾವೂ ಬಂದರು. ಕೊನೆಗೆ ತಾವೂ ರೋಗಕ್ಕೆ ತುತ್ತಾಗಿ 1879ರಲ್ಲಿ ತೀರಿಕೊಂಡರು. ಹೀಗೆ ಆರೋಗ್ಯವಂತರಾಗಿದ್ದೂ ಬಂಧುವಿನ ಜೊತೆ ಬಂದವರನ್ನು ‘ಕೊಕುವ’ ಎಂದು ಕರೆಯುತ್ತಿದ್ದರು, ನೆರವಾಗುವವರು ಎಂದರ್ಥ. ಡೇಮಿಯನ್ನರ ತ್ಯಾಗವನ್ನು ಲೋಕ ಬಲ್ಲುದು. ಅದೇ ತ್ಯಾಗವನ್ನು ಮಾಡಿದ ಗಂಡಂದಿರಿಗೂ ಹೆಂಡಿರಿಗೂ ತಾಯಂದಿರಿಗೂ ಪ್ರತಿಮೆಗಳಿಲ್ಲ. ಎಮ್ಮಾ ರಾಣಿಯ ಸೋದರಸಂಬಂಧಿ ಪೀಟರ್ ಕೇಯೊ ರೋಗಿಯಾಗಿ 1873ರಿಂದ 1876ರವರೆಗೆ ಇಲ್ಲಿದ್ದನು. ಅವನೂ ರಾಣಿಯೂ ಪರಸ್ಪರ ಬರೆದುಕೊಂಡ ಪತ್ರಗಳು ಉಳಿದು ಬಂದಿವೆ. ವಸತಿಯ ದಿನಚರಿ ಒಳಗಿನವನ ಕಣ್ಣಿನಿಂದ ಅವುಗಳಲ್ಲಿ ಕಾಣುತ್ತದೆ. ಹವಾಯಿ ಭಾಷೆಯ ಪತ್ರಗಳನ್ನೂ ಮನವಿಗಳನ್ನೂ ಆಧರಿಸಿದ ಅಧ್ಯಯನಗಳು ಈಚಿನವು. ಗೇವನ್ ಡಾಸ್‌ರವರು 1973ರಲ್ಲಿ ಪ್ರಕಟಿಸಿದ ಡೇಮಿಯನ್ ಚರಿತ್ರೆ ಇಂದಿಗೂ ಓದತಕ್ಕದ್ದೇ. ಆದರೆ ಅದರ ಪಕ್ಕದಲ್ಲಿ ಆನ್ವೇ ಲಾ ಅವರು ನಿವಾಸಿಗಳ ಮಾತುಗಳನ್ನೇ ಪೋಣಿಸಿ 2012ರಲ್ಲಿ ಹೊರತಂದ ಕಲೌಪಾಪದ ಸ್ಮೃತಿಗ್ರಂಥವನ್ನು ಇಟ್ಟುಕೊಳ್ಳದಿದ್ದರೆ ಓದು ಒಕ್ಕಣ್ಣಾಗುತ್ತದೆ.

ಪ್ರವಾಸದ ವ್ಯಾವಹಾರಿಕ ವಿಷಯಗಳನ್ನು ಬೇಗ ಹೇಳಿ ಮುಗಿಸಬಹುದು. ಉದ್ಯಾನವೆಂದ ಮಾತ್ರಕ್ಕೆ ಮನಸ್ಸು ಬಂದಾಗ ಹೋಗಿ ತಿರುಗಾಡುವಂತಿಲ್ಲ. ಹವಾಯಿ ಸಂಸ್ಥಾನದ ಆರೋಗ್ಯ ಇಲಾಖೆಯ ಅನುಮತಿ ಬೇಕು. 16 ವರ್ಷಕ್ಕೆ ಕೆಳಗಿನವರಿಗೆ ಪ್ರವೇಶವಿಲ್ಲ. ನಿವಾಸಿಗಳ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಕೂಡದು. 2018ರ ಕೊನೆಯಲ್ಲಿ ಭೂಕುಸಿತದಿಂದ ಕಾಲುದಾರಿಯ ಸೇತುವೆ ಹಾಳಾಯಿತು. 2020ರಲ್ಲಿ ಕೋವಿಡ್ ಕಾರಣದಿಂದ ಸಂದರ್ಶನಗಳನ್ನೇ ನಿಲ್ಲಿಸಲಾಯಿತು. ಆದ್ದರಿಂದ ಹೊರಡುವ ದಿನದ ನಿಯಮವೇನೆಂದು ವಿಚಾರಿಸಿಕೊಳ್ಳದೆ ವಿಮಾನದ ಟಿಕೆಟ್ಟು ಕೊಳ್ಳುವುದು ಜಾಣತನವಲ್ಲ. ಊಟ, ನೀರು ಜೊತೆಯಲ್ಲಿರಬೇಕು. ಮಕ್ಕಳಿಗೆ ಪ್ರವೇಶವಿಲ್ಲದಿರುವುದು ಕಠಿಣವೆನಿಸಬಹುದು. ಆದರೆ ಇಲ್ಲಿ ಹುಟ್ಟಿದ ಕೂಸುಗಳನ್ನು ಸೋಂಕಿನ ಭಯದಿಂದ ತಾಯಿಯ ಮಗ್ಗುಲಿನಿಂದಲೇ ಎತ್ತಿ ಬೇರೆಡೆಗೆ ಸಾಗಿಸುತ್ತಿದ್ದ ಕಾಲವಿತ್ತು. ಅದನ್ನು ಅನುಭವಿಸಿದವರ ಕಣ್ಣೆದುರಿಗೆ ಪ್ರವಾಸಿಗಳ ಮಕ್ಕಳು ಕುಣಿದಾಡುವುದು ಬೇಡವೆಂಬ ಭಾವನೆಯನ್ನು ನಾವು ಗೌರವಿಸಬೇಕು.

ಈ ಪದ್ಧತಿಯ ಅಂತ್ಯದ ತಾರೀಖುಗಳೂ ಮನನೀಯ. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ ಕಂಡುಹಿಡಿದದ್ದು, ಡೇಮಿಯನ್ನರು ಕಲವಾವೊಗೆ ಬಂದ 1873ರಲ್ಲಿಯೇ. ಗಂಧಕಮೂಲದ ಹೊಸ ಔಷಧಿಗಳು ಕಲೌಪಾಪಕ್ಕೆ ತಲುಪಿದ್ದು 1946ರಲ್ಲಿ. ಪ್ರತ್ಯೇಕವಾಸದ ನಿಯಮ ರದ್ದಾದದ್ದು 1969ರಲ್ಲಿ. ಔಷಧಿ ದೊರೆತ ಮೇಲೂ 23 ವರ್ಷ ಬಾಗಿಲು ತೆರೆಯಲಿಲ್ಲ. ನಾವು ಅವರನ್ನು ಆಡಿಕೊಳ್ಳುವಂತೆಯೂ ಇಲ್ಲ: ನಮ್ಮಲ್ಲಿ 1898ರ ಕುಷ್ಠರೋಗಿಗಳ ಶಾಸನ ರದ್ದಾದದ್ದು 2016ರಲ್ಲಿ. ಡೇಮಿಯನ್ನರು ಸತ್ತ ಮರುವರ್ಷ, 1890ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು ತೆರೆದ ಕುಷ್ಠರೋಗಿಗಳ ಆಶ್ರಯದ ಚರಿತ್ರೆಯನ್ನು ಇದರೊಡನೆ ಹೋಲಿಸಿ ಬರೆಯುವ ಕೆಲಸಕ್ಕೆ ನಮ್ಮ ಸಂಶೋಧನ ವಿದ್ಯಾರ್ಥಿಗಳಲ್ಲಿ ಯಾರಾದರೂ ಮನಸ್ಸು ಮಾಡುವುದಾದರೆ ಸಂತೋಷ. ಪ್ರಪಾತವಿಲ್ಲದ ಊರಿನಲ್ಲಿ ರೋಗಿಯನ್ನು ಯಾವ ಗೋಡೆ ತಡೆಯುತ್ತಿತ್ತೆಂಬ ಪ್ರಶ್ನೆ ಅಲ್ಲಿ ಏಳುತ್ತದೆ.

ನಿಯಮ ರದ್ದಾದ ಮೇಲೆ ಅನೇಕರು ಕಲೌಪಾಪದಲ್ಲಿಯೇ ಉಳಿದರು. ಹೊರಗೆ ಅವರಿಗೆ ಮನೆಯೆಂಬುದು ಉಳಿದಿರಲಿಲ್ಲ. 1980ರ ಡಿಸೆಂಬರಿನಲ್ಲಿ ಉದ್ಯಾನವನ್ನು ಸ್ಥಾಪಿಸಿದ ಕಾಯಿದೆ, ಅವರು ಬಯಸುವಷ್ಟು ಕಾಲ ಅಲ್ಲಿ ಬಾಳುವ ಹಕ್ಕನ್ನು ಕಾದಿರಿಸಿತು. ಡೇಮಿಯನ್ನರ ಅಸ್ಥಿಗಳನ್ನು ಮಾತ್ರ 1936ರಲ್ಲಿ ಬೆಲ್ಜಿಯಂಗೆ ಒಯ್ಯಲಾಗಿತ್ತು. ಹವಾಯಿಯವರಿಗೆ ಇದು ನುಂಗಲಾರದ ತುತ್ತಾಯಿತು. 1995ರಲ್ಲಿ ಬಲಗೈಯ ಅಸ್ಥಿಗಳು ಮರಳಿ ಬಂದು ಇಗರ್ಜಿಯ ಪಕ್ಕದ ಹಳೆಯ ಗೋರಿಯಲ್ಲಿಯೇ ಸೇರಿದವು. 2009ರಲ್ಲಿ ಅವರಿಗೆ ಸಂತಪದವಿ ದೊರೆಯಿತು. ಅದೇ ವರ್ಷ, ಕಲೌಪಾಪಕ್ಕೆ ಬಂದ ಎಲ್ಲರ ಹೆಸರುಗಳನ್ನೂ ಕೆತ್ತಿಸುವ ಸ್ಮಾರಕಕ್ಕೆ ಅಮೆರಿಕದ ಸಂಸತ್ತು ಅನುಮತಿ ಕೊಟ್ಟಿತು. ಏಕೆಂದರೆ ಆ 8,000 ಮಂದಿಯಲ್ಲಿ ಹೆಚ್ಚಿನವರ ಗೋರಿಗೆ ಗುರುತೇ ಇಲ್ಲ. ಇಗರ್ಜಿಯ ಸುತ್ತಣ ಹುಲ್ಲುಬಯಲು ಬರಿಯ ಬಯಲಲ್ಲವೆಂಬುದನ್ನು ಅಲ್ಲಿ ಕಾಲಿಡುವವರು ಅರಿತಿರಬೇಕು.

ಆ ವಿದ್ಯಾರ್ಥಿಗೆ ನಾನು ಬರೆದ ಕ್ರಮ ಇಷ್ಟೆ: ಮೊದಲು ಸಿಲೊವಾಮದಲ್ಲಿ ಇಳಿಯಿರಿ. ಅನಂತರ ಫಿಲೋಮಿನಾದ ಸುತ್ತಣ ಹುಲ್ಲಿನ ಅಂಚಿನಲ್ಲಿ ನಡೆಯಿರಿ. ಆಮೇಲೆ ಇಗರ್ಜಿಯ ಒಳಹೊಕ್ಕು ನೆಲವನ್ನು ನೋಡಿರಿ. ಡೇಮಿಯನ್ನರ ಗೋರಿ ಕಡೆಯಲ್ಲಿರಲಿ. ಬಂಡಿ ಹಿಂದಿರುಗುವ ಹೊತ್ತು ಮೊದಲೇ ಗೊತ್ತಾಗಿರುತ್ತದೆ. ಆದ್ದರಿಂದ ಚಿತ್ರ ತೆಗೆಯುವುದರಲ್ಲಿ ಕಾಲ ಕಳೆಯಬೇಡಿ.